ಕೊಲೆ ಸಿನಿಮಾ ನೋಡುವ ಹೆಂಗಸು

ನನಗೊಂದು ಚಟವಿದೆ. ಮೊದಲೇ ಹೇಳಿಬಿಡುತ್ತೇನೆ. ಚಟ ಎಂದ ಕೂಡಲೇ ಗಾಬರಿಯಾಗಬೇಡಿ. ಎಲೆಅಡಿಕೆಯೂ ಅಲ್ಲ, ಚೀಟಿ ವ್ಯವಹಾರವೂ ಅಲ್ಲ. ಎಲ್ಲಿ ಕೊಲೆಯೋ ಅಲ್ಲಿ ನಾನು, ಅಷ್ಟೆ. ಪುಸ್ತಕದಲ್ಲಾದರೂ ಸರಿ, ಪರದೆಯ ಮೇಲಾದರೂ ಸರಿ. ಓರಗಿತ್ತಿಯರು ಅತ್ತೆ ಸೊಸೆಯರ ಧಾರಾವಾಹಿ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ನಾನು ಹುರುಳಿಕಾಯಿ ಮುರಿಯುತ್ತಾ, ‘ಆ ತೋಟದ ಮಾಲಿ ಎಡಗೈಯಲ್ಲಿ ಕತ್ತರಿ ಹಿಡಿದಿದ್ದನಲ್ಲ, ಅವನನ್ನು ಯಾಕೆ ಯಾರೂ ವಿಚಾರಿಸಲಿಲ್ಲ?’ ಎಂದು ಯೋಚಿಸುತ್ತಿರುತ್ತೇನೆ. “ಮನೆತುಂಬಾ ಮಕ್ಕಳಿರುವವಳು, ಸಂಜೆ ದೀಪ ಹಚ್ಚೋ ಹೊತ್ತಿಗೆ ಹೆಣ ನೋಡ್ತಾ ಕೂತಿರ್ತೀಯಲ್ಲೇ” ಎಂದು ನಮ್ಮತ್ತೆ ಕೊನೆಯವರೆಗೂ ಬೈದರು. ಬೈಯುತ್ತಲೇ ಪಕ್ಕದಲ್ಲಿ ಕೂತು, “ಆಮೇಲೇನಾಯ್ತು?” ಎಂದು ಕೇಳಿದವರೂ ಅವರೇ.

ಈ ಚಟ ಹತ್ತಿಸಿದವರು ಎನ್. ನರಸಿಂಹಯ್ಯನವರು. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಪುಣ್ಯಾತ್ಮರು. ಅವರ ಪತ್ತೇದಾರ ಪುರುಷೋತ್ತಮನನ್ನು ನಾನು ಓದಿದ್ದು ಬೀಜಗಣಿತದ ಪುಸ್ತಕದ ಮಧ್ಯೆ ಇಟ್ಟುಕೊಂಡು. ಬಾಡಿಗೆ ಪುಸ್ತಕದಂಗಡಿಯವನಿಗೆ ನಾನು ಬರುವುದು ಕಂಡರೆ ಸಾಕು, ಕೇಳುವ ಮೊದಲೇ ಒಂದು ತೆಗೆದಿಡುತ್ತಿದ್ದ. ಕನ್ನಡದಲ್ಲಿ ಓದುವ ಅಭ್ಯಾಸವನ್ನು ಸಾವಿರಾರು ಜನರಿಗೆ ಹಿಡಿಸಿದ ಈ ಪುಸ್ತಕಗಳನ್ನು ಸಾಹಿತ್ಯದ ಚರಿತ್ರೆ ಬರೆಯುವವರು ಬಾಗಿಲಾಚೆಯೇ ನಿಲ್ಲಿಸಿದರು. ಇರಲಿ. ನಮ್ಮಂಥವರು ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡೆವು.

ಆಮೇಲೆ ಸಿನಿಮಾ. 1989ರಲ್ಲಿ ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ ಬಂದಾಗ ನಾನು ಎರಡು ಸಲ ನೋಡಿದೆ. ಶಂಕರ್‌ನಾಗ್, ದೇವರಾಜ್, ವನಿತಾ ವಾಸು. ಕನ್ನಡ ಸಿನಿಮಾ ಅಂದಮೇಲೆ ಹಾಡಿಲ್ಲದೆ ಆಗುತ್ತದೆಯೇ ಎಂದು ಕೇಳುತ್ತಿದ್ದ ಕಾಲ. ಇದರಲ್ಲಿ ಒಂದೂ ಹಾಡಿಲ್ಲ! ನಮ್ಮ ಸಾಲಿನಲ್ಲಿ ಕೂತಿದ್ದ ಒಬ್ಬರು ಹಾಡು ಬಂದಾಗ ಕಡಲೆಕಾಯಿ ತರೋಣವೆಂದು ಕಾದೂ ಕಾದೂ ಕೊನೆಗೆ ಬರಿಗೈಯಲ್ಲೇ ಮನೆಗೆ ಹೋದರು. 1993ರ ‘ನಿಷ್ಕರ್ಷ’ದಲ್ಲೂ ಹಾಗೆಯೇ. ಬ್ಯಾಂಕಿನೊಳಗೆ ದರೋಡೆಕೋರರು, ಹೊರಗೆ ಪೊಲೀಸರು, ನಡುವೆ ವಿಷ್ಣುವರ್ಧನ್. ಹಾಡು ತೆಗೆದುಹಾಕಿದ್ದರಿಂದ ಆದ ಲಾಭ ಬರೀ ಸಮಯದ್ದಲ್ಲ. ಹಾಡು ಬಂದರೆ ನಮ್ಮ ಭಯಕ್ಕೆ ರಜ ಸಿಗುತ್ತದೆ. ದೇಸಾಯಿಯವರು ಆ ರಜ ಕೊಡಲಿಲ್ಲ. ಒಂದು ಬಾಗಿಲ ಸದ್ದು, ಒಂದು ನೆರಳು, ಇಷ್ಟರಲ್ಲೇ ಮೈಯೆಲ್ಲಾ ಕಿವಿಯಾಗುವಂತೆ ಮಾಡಿದರು.

ಕೊಲೆ ಸಿನಿಮಾದಲ್ಲಿ ಎರಡು ಜಾತಿ ಎಂಬುದು ನನ್ನ ಲೆಕ್ಕ. ಒಂದು, ಕೊಲ್ಲುವವನ ಸಿನಿಮಾ. ಇನ್ನೊಂದು, ನೋಡಿದವನ ಸಿನಿಮಾ. 1995ರಲ್ಲಿ ಉಪೇಂದ್ರ ನಿರ್ದೇಶಿಸಿದ ‘ಓಂ’ ಮೊದಲ ಜಾತಿಯದು. ಅದರಲ್ಲಿ ನಿಜವಾದ ಭೂಗತ ವ್ಯಕ್ತಿಗಳೇ ಕಾಣಿಸಿಕೊಂಡರು. ಆ ಸಿನಿಮಾದ ಕಸುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಬೆನ್ನು ಹತ್ತಿ ಬಂದವು ನೋಡಿ, ಮಚ್ಚು ಹಿಡಿದ ಸಿನಿಮಾಗಳು, ಅವುಗಳಲ್ಲಿ ಹೆಂಗಸಿಗೆ ಇದ್ದದ್ದು ಎರಡೇ ಕೆಲಸ. ಇಲ್ಲವೇ ಅಮ್ಮನಾಗಿ ಅಳಬೇಕು, ಇಲ್ಲವೇ ಸೇಡಿಗೆ ಕಾರಣವಾಗಿ ಸಾಯಬೇಕು. ಮೊದಲ ಹತ್ತು ನಿಮಿಷದಲ್ಲಿ ತಂಗಿ ಸಾಯುತ್ತಾಳೆ, ಮುಂದಿನ ಎರಡು ಗಂಟೆ ಅಣ್ಣ ಹೊಡೆದಾಡುತ್ತಾನೆ. ಆ ತಂಗಿ ಏನು ಓದುತ್ತಿದ್ದಳು, ಅವಳಿಗೆ ಏನಿಷ್ಟ, ಯಾರಿಗೂ ಬೇಕಿಲ್ಲ. ಸಿನಿಮಾ ಮುಗಿಸಿ ಆಚೆ ಬಂದ ಮೇಲೆ ಹತ್ತು ಜನರನ್ನು ನಿಲ್ಲಿಸಿ ಅವಳ ಹೆಸರೇನೆಂದು ಕೇಳಿ. ಒಬ್ಬರು ಹೇಳಿದರೆ ನಾನು ನಿಮಗೆ ಕಾಫಿ ಕೊಡಿಸುತ್ತೇನೆ. 2021ರ ‘ಗರುಡ ಗಮನ ವೃಷಭ ವಾಹನ’ವನ್ನು ಮಗಳು ಹೊಗಳಿ ತೋರಿಸಿದಳು. ಮಂಗಳೂರಿನ ಮಳೆ, ಮಾತು, ರಾಜ್ ಬಿ. ಶೆಟ್ಟಿಯವರ ಅಭಿನಯ, ಎಲ್ಲ ಮನಸ್ಸಿಗೆ ಹಿಡಿಸಿತು. ಆದರೂ ನೋಡಿದ ಮೇಲೆ ಕೇಳಿದೆ: “ಅಲ್ಲ ಕಣೇ, ಆ ಊರಿನಲ್ಲಿ ಹೆಂಗಸರೇ ಇಲ್ಲವಾ?”

ಎರಡನೆಯ ಜಾತಿಗೆ ಬರುವ ಮೊದಲು ಚಿತ್ರಗಳ ವಿಷಯ ಸ್ವಲ್ಪ ಹೇಳಬೇಕು. ಒಂದರ ಪಕ್ಕ ಒಂದು ಚೌಕದಲ್ಲಿ ಕಥೆ ಹೇಳುವ ಕಾಮಿಕ್ಸನ್ನು ನಾವು ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗುತ್ತೇವೆ. ನಮ್ಮ ಮನೆಗೆ ಕಾರ್ಕಳದ ಅನಂತ ಪೈಯವರ ಅಮರ ಚಿತ್ರಕಥೆ ಬಂದದ್ದೂ ಮಕ್ಕಳ ನೆಪದಲ್ಲೇ. ಮಕ್ಕಳು ಮಲಗಿದ ಮೇಲೆ ಓದುತ್ತಿದ್ದವಳು ನಾನು. ಅದರಲ್ಲಿ ಕಲಿತದ್ದೇನೆಂದರೆ, ಕಥೆ ಇರುವುದು ಚೌಕದೊಳಗೆ ಮಾತ್ರವಲ್ಲ, ಎರಡು ಚೌಕಗಳ ನಡುವಿನ ಬಿಳಿ ಗೆರೆಯಲ್ಲೂ. ಒಂದು ಚೌಕದಲ್ಲಿ ಎತ್ತಿದ ಕತ್ತಿ, ಮುಂದಿನದರಲ್ಲಿ ನೆಲಕ್ಕೆ ಬಿದ್ದ ಕಿರೀಟ. ಕತ್ತಿ ಇಳಿದದ್ದನ್ನು ಯಾರೂ ಬರೆದಿಲ್ಲ. ಅದನ್ನು ಮನಸ್ಸಿನಲ್ಲಿ ಬರೆದುಕೊಂಡವರು ನಾವೇ. ಪತ್ತೇದಾರನ ಕೆಲಸವೂ ಅದೇ ತಾನೇ, ನಡುವಿನ ಬಿಳಿ ಜಾಗ ತುಂಬುವುದು?

ಸತ್ಯಜಿತ್ ರಾಯ್ ಈ ಎರಡೂ ವಿದ್ಯೆ ಬಲ್ಲವರು. ಜಾಹೀರಾತು ಕಂಪನಿಯಲ್ಲಿ ಚಿತ್ರಕಾರರಾಗಿದ್ದವರು. ಸಿನಿಮಾ ತೆಗೆಯುವ ಮೊದಲು ದೃಶ್ಯಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ನೋಡಿಕೊಳ್ಳುತ್ತಿದ್ದವರು. 1965ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯಲ್ಲಿ ಫೆಲೂದಾ ಎಂಬ ಪತ್ತೇದಾರನನ್ನು ಹುಟ್ಟಿಸಿ, ಅವನ ಚಿತ್ರಗಳನ್ನೂ ತಾವೇ ಬರೆದರು. 1974ರಲ್ಲಿ ‘ಸೋನಾರ್ ಕೆಲ್ಲಾ’ ಸಿನಿಮಾ ಮಾಡಿದರು. ಆ ಗೆರೆಗಳ ಅಚ್ಚುಕಟ್ಟಿಗೆ ನಾನು ಸೋತವಳು. ಆದರೆ ಮಕ್ಕಳಿಗೆಂದು ಬರೆದದ್ದರಿಂದಲೋ ಏನೋ, ಫೆಲೂದಾನ ಲೋಕದಲ್ಲಿ ಹೆಂಗಸರು ತೀರಾ ಕಡಿಮೆ. ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್ ಬಕ್ಷಿ ಹಾಗಲ್ಲ. 1993ರಲ್ಲಿ ದೂರದರ್ಶನದಲ್ಲಿ ಬಾಸು ಚಟರ್ಜಿಯವರು ಅದನ್ನು ತಂದಾಗ ರಜಿತ್ ಕಪೂರ್ ಪಂಚೆಯುಟ್ಟು ಕೂತ ರೀತಿಗೆ ನಾನು ಮರುಳಾದೆ. ಅವನಿಗೆ ಹೆಂಡತಿಯಿದ್ದಳು, ಮನೆಯಿತ್ತು, ಚಹಾ ಇತ್ತು. ತನ್ನನ್ನು ಪತ್ತೇದಾರ ಎಂದರೆ ಅವನಿಗೆ ಆಗದು. ‘ಸತ್ಯಾನ್ವೇಷಿ’ ಎನ್ನಬೇಕು. ಆ ಮಾತು ಆಗ ನನಗೆ ಜಂಬದಂತೆ ಕೇಳಿಸಿತ್ತು. ಈಗ ಹಾಗೆ ಕೇಳಿಸುವುದಿಲ್ಲ. ಯಾಕೆಂದು ಹೇಳುತ್ತೇನೆ.

ಎರಡನೆಯ ಜಾತಿಗೆ, ನೋಡಿದವರ ಸಿನಿಮಾಗಳಿಗೆ, ತಾಯಿಬೇರು ಹಿಚ್‌ಕಾಕ್‌ನ ‘ರಿಯರ್ ವಿಂಡೋ’. 1954ರ ಚಿತ್ರ. ನಾನು ನೋಡಿದ್ದು ಎಷ್ಟೋ ವರ್ಷ ತಡವಾಗಿ, ಮಗಳ ಕಂಪ್ಯೂಟರಿನಲ್ಲಿ. ಕಾಲು ಮುರಿದುಕೊಂಡ ಫೋಟೋಗ್ರಾಫರ್ ಒಬ್ಬ ಕಿಟಕಿಯ ಬಳಿ ಕೂತಿದ್ದಾನೆ. ಎದುರಿಗೆ ನಮ್ಮ ಹಳೆಯ ವಠಾರಗಳಂಥದೇ ಒಂದು ಹಿತ್ತಲು, ಸುತ್ತ ಮನೆಗಳು. ಬೇಸಿಗೆಯ ಸೆಕೆ, ಎಲ್ಲರ ಕಿಟಕಿಯೂ ತೆರೆದಿದೆ. ಒಂದೊಂದು ಕಿಟಕಿಯೂ ಕಾಮಿಕ್ಸಿನ ಒಂದೊಂದು ಚೌಕ! ಒಂದರಲ್ಲಿ ಹೊಸ ಮದುವೆಯವರು, ಒಂದರಲ್ಲಿ ಒಂಟಿ ಹೆಂಗಸು, ಒಂದರಲ್ಲಿ ಹಾಸಿಗೆ ಹಿಡಿದ ಹೆಂಡತಿ ಮತ್ತು ಅವಳ ಗಂಡ. ಒಂದು ದಿನ ಆ ಹೆಂಡತಿ ಕಾಣುವುದಿಲ್ಲ.

ಊರಿಗೆ ಹೋಗಿರಬೇಕು ಎನ್ನುತ್ತಾನೆ ಪೊಲೀಸಿನವನು. ಫೋಟೋಗ್ರಾಫರ್‌ಗೆ ಅನುಮಾನ, ಆದರೆ ಪುರಾವೆ ಇಲ್ಲ. ಆಗ ಮಾತಾಡುವವಳು ಅವನ ಪ್ರೇಯಸಿ ಲೀಸಾ. ಊರಿಗೆ ಹೋಗುವ ಹೆಂಗಸು ತನ್ನ ಅಚ್ಚುಮೆಚ್ಚಿನ ಕೈಚೀಲವನ್ನು ಬಿಟ್ಟು ಹೋಗುತ್ತಾಳೆಯೇ? ಒಡವೆ ಬಿಟ್ಟು ಹೋಗುತ್ತಾಳೆಯೇ? ಅದರಲ್ಲೂ ಮದುವೆಯ ಉಂಗುರ? ಪೊಲೀಸಿನವನು ಇದನ್ನೆಲ್ಲ ಹೆಂಗಸರ ಮಾತೆಂದು ತಳ್ಳಿಹಾಕುತ್ತಾನೆ. ನಾನು ಮಾತ್ರ ಕುರ್ಚಿಯ ತುದಿಗೆ ಬಂದಿದ್ದೆ. ಕಾರ್ನೆಲ್ ವುಲ್‌ರಿಚ್ 1942ರಲ್ಲಿ ಬರೆದ ಮೂಲ ಕಥೆಯಲ್ಲಿ ಈ ಲೀಸಾ ಇಲ್ಲವೇ ಇಲ್ಲ. ಸಿನಿಮಾಕ್ಕೆಂದು ಅವಳನ್ನು ಸೇರಿಸಿದರು, ಸೇರಿಸಿದ್ದರಿಂದಲೇ ಅದು ದೊಡ್ಡ ಸಿನಿಮಾ ಆಯಿತು ಎನ್ನುವುದು ನನ್ನ ಅಭಿಪ್ರಾಯ. ಡಬ್ಬಿಯಲ್ಲಿ ಸಾಸಿವೆ ಎಷ್ಟಿದೆ ಎಂದು ಬಲ್ಲವಳಿಗೆ ಮಾತ್ರ ಗೊತ್ತಾಗುವ ಸತ್ಯಗಳು ಇರುತ್ತವೆ. ಅವು ಪಂಚನಾಮೆಯಲ್ಲಿ ಬರುವುದಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1984ರಲ್ಲಿ ನಾವಿದ್ದದ್ದು ಆರು ಮನೆಗಳ ವಠಾರದಲ್ಲಿ. ನಡುವೆ ಒಂದು ನಲ್ಲಿ, ಒಂದು ಒಗೆಯುವ ಕಲ್ಲು. ಮೂರನೆಯ ಮನೆಗೆ ಹೊಸ ಸೊಸೆ ಬಂದು ಒಂದೂವರೆ ವರ್ಷವಾಗಿತ್ತು. ನನಗಿಂತ ಐದಾರು ವರ್ಷ ಚಿಕ್ಕವಳು. ನನ್ನಂತೆಯೇ ಪತ್ತೇದಾರಿ ಕಾದಂಬರಿಯ ಹುಚ್ಚು. ಒಂದೇ ಪುಸ್ತಕವನ್ನು ಬಾಡಿಗೆಗೆ ತಂದು ಇಬ್ಬರೂ ಓದುತ್ತಿದ್ದೆವು. ಕೊನೆಯ ಹಾಳೆ ಓದುವ ಮೊದಲು ಕೊಲೆಗಾರ ಯಾರೆಂದು ಪಂದ್ಯ ಕಟ್ಟುತ್ತಿದ್ದೆವು, ಪಂದ್ಯಕ್ಕೆ ಒಂದು ಮೊಳ ಮಲ್ಲಿಗೆ. ಹೆಚ್ಚು ಸಲ ಗೆದ್ದವಳು ಅವಳು. ಒಂದು ಸಂಜೆ ಹಾಲಿನ ಪಾತ್ರೆ ಹಿಡಿದು ಬಂದು, “ಅಕ್ಕಾ, ನಮ್ಮ ಸ್ಟೌ ವಾಷರ್ ಹೋಗಿದೆ, ರಿಪೇರಿಗೆ ಕೊಟ್ಟಿದಾರೆ. ಇದೊಂದು ಕಾಯಿಸಿಕೊಡಿ” ಎಂದಳು. ಕಾಯಿಸಿಕೊಟ್ಟೆ. ಮಾರನೆಯ ಬೆಳಗಿನ ಜಾವ ಆ ಮನೆಯಿಂದ ಕೂಗು ಕೇಳಿತು. ಸ್ಟೌ ಸಿಡಿಯಿತಂತೆ. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಎರಡು ದಿನದ ಮೇಲೆ ಪತ್ರಿಕೆಯಲ್ಲಿ ಮೂರು ಸಾಲು ಬಂತು.

ಪೊಲೀಸರು ಬಂದರು. ಜಗುಲಿಯಲ್ಲಿ ಗಂಡಸರನ್ನು ಕೂರಿಸಿಕೊಂಡು ಕೇಳಿದರು. ಗಂಡಸರಿಗೆ ಸ್ಟೌ ವಿಷಯ ಏನು ಗೊತ್ತು? ಒಳಗಿದ್ದವರನ್ನು ಯಾರೂ ಕೇಳಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ನಾಲಿಗೆಯ ತುದಿಯಲ್ಲಿ ಇದ್ದದ್ದು ಒಂದೇ ವಾಕ್ಯ. ಅತ್ತೆ ನನ್ನ ಮುಖ ನೋಡಿದರು. “ನಮಗ್ಯಾಕಮ್ಮ? ನಾಳೆ ಇದೇ ನಲ್ಲಿಯಲ್ಲಿ ನೀರು ಹಿಡೀಬೇಕು” ಎಂದರು. ನಮ್ಮವರು ಏನೂ ಅನ್ನಲಿಲ್ಲ. ನಾನೂ ಏನೂ ಅನ್ನಲಿಲ್ಲ. ಸ್ಟೌ ರಾತ್ರಿಯೇ ರಿಪೇರಿಯಾಗಿ ಬಂದಿತ್ತೋ ಏನೋ. ಬಂದಿರಬಹುದು. ಅದನ್ನು ರಿಪೇರಿ ಅಂಗಡಿಯಲ್ಲಿ ವಿಚಾರಿಸಬೇಕಾದವರು ಪೊಲೀಸರು. ವಿಚಾರಿಸಬೇಕೆಂದು ಅವರಿಗೆ ಹೊಳೆಯಬೇಕಾದರೆ ನಾನು ಬಾಯಿಬಿಡಬೇಕಿತ್ತು. ಗಂಡ ಮತ್ತವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದ 498ಎ ಕಲಮು 1983ರಲ್ಲೇ ಬಂದಿತ್ತು. ಮದುವೆಯಾದ ಏಳು ವರ್ಷದೊಳಗಿನ ಇಂಥ ಸಾವನ್ನು ವರದಕ್ಷಿಣೆ ಸಾವೆಂದು ಕಾಣುವ 304ಬಿ ಬಂದದ್ದು 1986ರಲ್ಲಿ. ಕಾಯಿದೆ ಬಂದರೇನು, ಸಾಕ್ಷಿ ಬಾಗಿಲ ಹಿಂದೆ ನಿಂತಿದ್ದರೆ?

‘ರಿಯರ್ ವಿಂಡೋ’ದಲ್ಲಿ ಒಂದು ನಾಯಿ ಸಾಯುತ್ತದೆ. ಅದನ್ನು ಸಾಕಿದವಳು ಮಹಡಿಯಲ್ಲಿ ನಿಂತು ಇಡೀ ವಠಾರಕ್ಕೆ ಕೇಳುವಂತೆ ಅಳುತ್ತಾಳೆ. ನೆರೆಹೊರೆ ಅಂದರೆ ಒಬ್ಬರು ಬದುಕಿದ್ದಾರೋ ಸತ್ತಿದ್ದಾರೋ ಎಂದಾದರೂ ನೋಡಬೇಡವೇ ಎಂಬುದು ಅವಳ ಸಂಕಟ. ಎಲ್ಲರೂ ಕಿಟಕಿಗೆ ಬಂದು ನೋಡುತ್ತಾರೆ, ಸ್ವಲ್ಪ ಹೊತ್ತಿಗೆ ಒಳಗೆ ಹೋಗುತ್ತಾರೆ. ವಿಮರ್ಶಕರು ಈ ಸಿನಿಮಾವನ್ನು ಇಣುಕುವ ಚಪಲದ ಕಥೆ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇಣುಕುವುದು ನಮ್ಮ ವಠಾರದಲ್ಲಿ ಯಾರಿಗೆ ಬಾರದು? ನೋಡಿದ ಮೇಲೆ ಹೇಳುವುದು ಕಷ್ಟ. ಲೀಸಾ ಕೊಲೆಗಾರನ ಮನೆಯನ್ನೇ ಹೊಕ್ಕು ಆ ಉಂಗುರವನ್ನು ತನ್ನ ಬೆರಳಿಗೆ ಹಾಕಿಕೊಂಡು ತೋರಿಸುತ್ತಾಳೆ. ನಾನು ನನ್ನ ಮನೆಯ ಹೊಸ್ತಿಲನ್ನೂ ದಾಟಲಿಲ್ಲ.

ಮೈಸೂರಿನ ಆರ್.ಕೆ. ಲಕ್ಷ್ಮಣ್ ನಮ್ಮ ‘ಕೊರವಂಜಿ’ಗೆ ಚಿತ್ರ ಬರೆದವರು, 1951ರಿಂದ ದಿನವೂ ಒಂದು ಚೌಕದಲ್ಲಿ ಶ್ರೀಸಾಮಾನ್ಯನನ್ನು ನಿಲ್ಲಿಸಿದರು. ಚೌಕಳಿ ಕೋಟು, ಪಂಚೆ, ಬೋಳುತಲೆಯ ಅಂಚಿನಲ್ಲಿ ನಾಲ್ಕು ಕೂದಲು. ಎಲ್ಲ ಕಡೆ ಇರುತ್ತಾನೆ, ಎಲ್ಲ ನೋಡುತ್ತಾನೆ, ಮಾತಾಡುವುದಿಲ್ಲ. ಮಾತೆಲ್ಲ ಅವನ ಹೆಂಡತಿಯದು. ಎಷ್ಟೋ ವರ್ಷ ಅವನ ಮೌನಕ್ಕೆ ನಕ್ಕಿದ್ದೇನೆ. ಈಗ ಅವನನ್ನು ಕಂಡರೆ ಒಳಗೆಲ್ಲೋ ಚುಚ್ಚುತ್ತದೆ. ನಮ್ಮ ವಠಾರದಲ್ಲಿ ಆ ಕೋಟು ಹಾಕಿಕೊಂಡವಳು ನಾನೇ.

2019ರಲ್ಲಿ ಹೇಮಂತ್ ಎಂ. ರಾವ್ ಅವರ ‘ಕವಲುದಾರಿ’ ಬಂತು. ಮೆಟ್ರೋ ಕೆಲಸಕ್ಕೆ ಅಗೆದಲ್ಲಿ ಮೂಳೆಗಳು ಸಿಗುತ್ತವೆ. ಸುಮಾರು ನಲವತ್ತು ವರ್ಷದ ಹಿಂದಿನವು. ಅದು ಟ್ರಾಫಿಕ್ ಪೊಲೀಸಿನವನ ಕೆಲಸವಲ್ಲ, ಆದರೂ ಅವನು ಬಿಡುವುದಿಲ್ಲ. ಆ ಕೇಸನ್ನು ಹಿಂದೆ ಬಗೆಹರಿಸಲಾಗದೆ ಕುಡಿತಕ್ಕೆ ಬಿದ್ದ ಮುದುಕ ಇನ್ಸ್‌ಪೆಕ್ಟರನಾಗಿ ಅನಂತ್‌ನಾಗ್. ಮುಂದಿನದು ಹೇಳುವುದಿಲ್ಲ, ಕೊಲೆಗಾರನನ್ನು ಹೇಳಿಬಿಡುವವರು ನನ್ನ ಮಟ್ಟಿಗೆ ಕೊಲೆಗಾರನಿಗಿಂತ ಕೆಟ್ಟವರು. ಆದರೆ ಅನಂತ್‌ನಾಗ್ ಹಳೆಯ ಕಡತದ ಮಾತೆತ್ತಿದಾಗ ಅವರ ಮುಖದಲ್ಲಿ ಆಗುವ ಬದಲಾವಣೆ ನೋಡಿ. ನಲವತ್ತು ವರ್ಷವಾದರೂ ಮುಗಿಯದ ಕೆಲಸವೊಂದು ಮನುಷ್ಯನನ್ನು ಒಳಗಿನಿಂದ ಹೇಗೆ ತಿನ್ನುತ್ತದೆ ಎಂದು ತಿಳಿಯಲು ಅಷ್ಟು ಸಾಕು. ಅದೇ ವರ್ಷದ ‘ಬೆಲ್ ಬಾಟಂ’ ನನ್ನನ್ನು ನಗಿಸಿತು, ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದ ನಾಯಕ ನಮ್ಮ ಪೈಕಿಯವನೇ. ಆದರೆ ಎದೆಗೆ ಕೈಹಾಕಿದ್ದು ‘ಕವಲುದಾರಿ’.

ಈಗ ಟೀವಿಯಲ್ಲಿ, ಮೊಬೈಲಿನಲ್ಲಿ ತಿಂಗಳಿಗೊಂದು ಕೊಲೆ ಧಾರಾವಾಹಿ ಬರುತ್ತದೆಂದು ಮೊದಲೇ ತುಣುಕು ತೋರಿಸುತ್ತಾರೆ. ಬರಲಿರುವುದನ್ನು ಅಳೆಯಲು ನನ್ನದೊಂದು ಮಾನದಂಡವಿದೆ. ತುಣುಕಿನ ಮೊದಲ ದೃಶ್ಯವೇ ಹುಡುಗಿಯ ಹೆಣವಾಗಿದ್ದರೆ, ಕ್ಯಾಮೆರಾ ಅವಳ ಮುಖ ಬಿಟ್ಟು ಬೇರೆಲ್ಲವನ್ನೂ ಸವರುತ್ತಿದ್ದರೆ, ನಾನು ಅಡಿಗೆ ಮನೆಗೆ ಎದ್ದು ಹೋಗುತ್ತೇನೆ. ಅವಳಿಗೊಂದು ಹೆಸರಿದ್ದರೆ, ಸಾಯುವ ಹಿಂದಿನ ಸಂಜೆ ಅವಳು ಯಾರ ಮನೆಗೆ ಹೋಗಿದ್ದಳು, ಏನು ಕೇಳಿದಳು ಎಂದು ಕಥೆ ವಿಚಾರಿಸಿದರೆ, ಕೂತು ನೋಡುತ್ತೇನೆ. ಬಾಗಿಲ ಹಿಂದೆ ನಿಂತವಳನ್ನೂ ಒಮ್ಮೆ ಹೊರಗೆ ಕರೆದು ಕೇಳಿದರೆ, ಆ ಧಾರಾವಾಹಿ ಮಾಡಿದವರಿಗೆ ನನ್ನದೊಂದು ನಮಸ್ಕಾರ.

ಮೊನ್ನೆ ಮಗಳು, “ಅಮ್ಮಾ, ನಿನಗೆ ಈ ಕೊಲೆ ಸಿನಿಮಾ ಯಾಕಿಷ್ಟು ಇಷ್ಟ?” ಎಂದು ಕೇಳಿದಳು. “ಅದರಲ್ಲಿ ಕೊನೆಗೆ ಯಾರಾದರೂ ಬಂದು ಕೇಳ್ತಾರಲ್ಲ, ಅದಕ್ಕೆ” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಕೂರಿಸಿಕೊಂಡು ಸ್ಟೌ ವಿಷಯ ಹೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅದು ನನ್ನ ಬಾಯಿಂದ ಹೊರಗೆ ಬಂತು. ಕೇಳಿ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಬಳಿಕ ಒಂದೇ ಮಾತು ಕೇಳಿದಳು: “ಅವಳ ಹೆಸರೇನಿತ್ತು?”

ಹೇಳಿದೆ. ಹೆಸರು ಮರೆತಿರಲಿಲ್ಲ.