ಅಧಿಕೃತ ಊಹೆ

‘ಕಂಪನಿ ಸರ್ವಿಸ್‌ನಲ್ಲೇ ಮಾಡಿಸಿ, ಹೊರಗೆ ಕೈ ಹಾಕಿಸಬೇಡಿ.’ ಮುಂಬಯಿಯ ಬೊರಿವಲಿಯಿಂದ ಮುಲುಂಡ್‌ವರೆಗೆ ಯಾವ ಹೌಸಿಂಗ್ ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಿಂತರೂ ಈ ಬುದ್ಧಿಮಾತು ಕಿವಿಗೆ ಬೀಳುತ್ತದೆ. ದೇವರ ಬಗ್ಗೆ, ಶೇರುಪೇಟೆಯ ಬಗ್ಗೆ ತಕರಾರು ಎತ್ತುವ ಮಂದಿಯೂ ಇದೊಂದಕ್ಕೆ ತಲೆಯಾಡಿಸುತ್ತಾರೆ. 2024ರ ಜುಲೈನಲ್ಲಿ ಮಾರುತಿ ತನ್ನ ಮಾಮೂಲಿ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ಯಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿದಾಗ ಈ ನಂಬಿಕೆಗೆ ಇನ್ನೊಂದು ಹಾರ ಬಿತ್ತು. ವರ್ಷ ಬೆಳೆಯಿತು, ಕಿಲೋಮೀಟರ್ ಬೆಳೆಯಿತು. ವಾರಂಟಿ ಇರುವುದು ಯಾವುದಕ್ಕೆ ಎಂದು ಕೇಳುವ ಗೋಜಿಗೆ ಹೋದವರು ಕಡಿಮೆ.

ಅಧಿಕೃತ ಸರ್ವಿಸ್ ಸೆಂಟರ್ ಕೊಡುವ ವಾರಂಟಿ ಬಿಡಿಭಾಗಕ್ಕೆ. ಆ ಭಾಗವೇ ಕೆಟ್ಟಿದೆ ಎಂದು ತೀರ್ಮಾನಿಸಿದ ಬುದ್ಧಿಗೆ ಯಾವ ವಾರಂಟಿಯೂ ಇಲ್ಲ. ಹೊಸ ಸೆನ್ಸರ್ ಹಾಕಿದ ಮೇಲೂ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಉರಿಯುತ್ತಿದ್ದರೆ ವಾರಂಟಿಯ ಲೆಕ್ಕದಲ್ಲಿ ಏನೂ ತಪ್ಪಾಗಿಲ್ಲ. ಸೆನ್ಸರ್ ಸರಿಯಾಗಿಯೇ ಕೆಲಸ ಮಾಡುತ್ತಿದೆಯಲ್ಲ! ಹಳೆಯದೂ ಸರಿಯಾಗಿಯೇ ಕೆಲಸ ಮಾಡುತ್ತಿತ್ತು ಎಂಬುದನ್ನು ಯಾವ ಕಾಗದವೂ ಹೇಳುವುದಿಲ್ಲ. ತಪ್ಪು ಊಹೆಯ ಖರ್ಚು ಕಾರಿನ ಮಾಲೀಕನದು, ಅದರ ಲಾಭ ಊಹಿಸಿದವನದು. ಈ ಏರ್ಪಾಡಿನ ಮೇಲೆ ನಿಂತ ಕೀರ್ತಿಯನ್ನು ನಾನು ಉಬ್ಬಿಸಿದ ಕೀರ್ತಿ ಎನ್ನುತ್ತೇನೆ.

ವಾರಂಟಿ ಪುಸ್ತಿಕೆಯನ್ನು ಒಂದು ಕೃತಿಯಂತೆ ಕುಳಿತು ಓದಬೇಕು. ಯಾವ ಕಂಪನಿಯದನ್ನು ತೆರೆದರೂ ನಡುಮಧ್ಯದ ವಾಕ್ಯದ ತಾತ್ಪರ್ಯ ಹೆಚ್ಚುಕಡಿಮೆ ಒಂದೇ: ತಯಾರಿಕೆಯಲ್ಲೋ ಸಾಮಗ್ರಿಯಲ್ಲೋ ದೋಷವಿದೆಯೆಂದು ಕಂಪನಿ ಒಪ್ಪಿದ ಭಾಗವನ್ನು ಕಂಪನಿ ತನ್ನ ವಿವೇಚನೆಯಂತೆ ರಿಪೇರಿ ಮಾಡುತ್ತದೆ ಅಥವಾ ಬದಲಿಸುತ್ತದೆ. ಮೇಲ್ನೋಟಕ್ಕೆ ಇದು ಕೊಡುಗೆ. ನಿಧಾನವಾಗಿ ಓದಿದರೆ ಒಂದೇ ವಾಕ್ಯದೊಳಗೆ ಮೂರು ತೀರ್ಪು ಅಡಗಿವೆ. ದೋಷ ಇದೆಯೇ ಎಂಬುದು ಮೊದಲನೆಯದು. ಅದು ತಯಾರಿಕೆಯ ದೋಷವೋ ಬಳಸಿದವನ ದೋಷವೋ ಎಂಬುದು ಎರಡನೆಯದು. ರಿಪೇರಿಯೋ ಬದಲಿಯೋ ಎಂಬುದು ಮೂರನೆಯದು. ಮೂರೂ ಕುರ್ಚಿಗಳಲ್ಲಿ ಕಂಪನಿಯೇ ಕೂತಿದೆ. ಗ್ರಾಹಕನಿಗೆ ಈ ವಾಕ್ಯದಲ್ಲಿ ಕಾರು ತಂದು ನಿಲ್ಲಿಸುವ ಕೆಲಸ ಮಾತ್ರ.

ಕೆಳಗಿನ ಎರಡು ಷರತ್ತುಗಳನ್ನು ಓದುಗರು ಸಾಮಾನ್ಯವಾಗಿ ಹಾರಿಸುತ್ತಾರೆ. ವಾರಂಟಿಯಲ್ಲಿ ಬಿಚ್ಚಿ ತೆಗೆದ ಹಳೆಯ ಭಾಗ ಕಂಪನಿಯ ಸೊತ್ತು ಎನ್ನುತ್ತದೆ ಒಂದು. ಅಂದರೆ ತಪ್ಪು ಪತ್ತೆಯ ಏಕೈಕ ಸಾಕ್ಷಿ ಅದೇ ಸಂಜೆ ಎದುರಾಳಿಯ ಗೋದಾಮು ಸೇರುತ್ತದೆ. ಹೊಸ ಭಾಗಕ್ಕೆ ಮೂಲ ವಾರಂಟಿಯಲ್ಲಿ ಉಳಿದಷ್ಟೇ ಅವಧಿ ಎನ್ನುತ್ತದೆ ಇನ್ನೊಂದು. ಮೂವತ್ತೈದನೇ ತಿಂಗಳ ಕೊನೆಗೆ ಹಾಕಿದ ಗೇರ್‌ಬಾಕ್ಸಿಗೆ ಒಂದೇ ತಿಂಗಳ ಆಯುಷ್ಯದ ಭರವಸೆ. ಮೇಲಿನ ‘ರಿಪೇರಿ ಅಥವಾ ಬದಲಿ’ ಬಗೆಯ ವಾಕ್ಯವನ್ನು ಸುಪ್ರೀಂ ಕೋರ್ಟೇ 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಓದಿತು. ಕ್ಲಚ್ಚಿನ ತಗಾದೆಗೆ ಕಾರನ್ನೇ ಬದಲಿಸಿಕೊಡಿ ಎಂದು ಕೆಳಹಂತದಲ್ಲಿ ಆದೇಶವಾಗಿತ್ತು. ದೋಷವಿರುವ ಭಾಗವನ್ನು ಸರಿಪಡಿಸುವುದೋ ಬದಲಿಸುವುದೋ ಅಷ್ಟೇ ವಾರಂಟಿಯ ಹೊಣೆ ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ವಾಕ್ಯವನ್ನು ಇದ್ದಂತೆ ಓದಿದರೆ ತೀರ್ಪು ಸರಿಯೇ. ವಾಕ್ಯವನ್ನು ಹಾಗೆ ಬರೆಯುವ ಅಧಿಕಾರ ಒಂದೇ ಕಡೆಗೆ ಇರುವುದು ನನ್ನ ಜಗಳ.

ಇನ್ನು ಜಾಬ್ ಕಾರ್ಡ್. ಗ್ರಾಹಕ ಹೇಳಿದ್ದು ಒಂದು ಕಡೆ, ಮಾಡಿದ ಕೆಲಸ ಇನ್ನೊಂದು ಕಡೆ. ಎರಡರ ನಡುವೆ ಏಕೆ ಎಂಬುದಕ್ಕೆ ಜಾಗವಿಲ್ಲ. ‘ಪಿಕಪ್ ಇಲ್ಲ’ ಎಂಬ ಮಾತಿನಿಂದ ‘ಆಕ್ಸಿಜನ್ ಸೆನ್ಸರ್ ಬದಲಿಸಲಾಗಿದೆ’ ಎಂಬ ಮಾತಿಗೆ ಜಿಗಿತ, ಸೇತುವೆ ಇಲ್ಲದ ಜಿಗಿತ. ಆ ಜಿಗಿತಕ್ಕೆ ಮರ್ಯಾದೆ ತಂದುಕೊಡುವುದು ಸ್ಕ್ಯಾನರ್. ಪಿ0171 ಎಂಬ ಕೋಡ್ ಪರದೆಯ ಮೇಲೆ ಬಂತೆನ್ನಿ. ಇಂಜಿನ್ನಿಗೆ ಹೋಗುತ್ತಿರುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ ಎಂಬುದಷ್ಟೇ ಅದರ ಮಾತು. ಎಲ್ಲೋ ಸೀಳಿದ ರಬ್ಬರ್ ಹೋಸ್ ಇರಬಹುದು, ಗಾಳಿ ಅಳೆಯುವ ಸೆನ್ಸರಿನ ಮೇಲೆ ಕೊಳೆ ಕೂತಿರಬಹುದು, ಇಂಧನ ಪಂಪಿನ ಒತ್ತಡ ಕುಸಿದಿರಬಹುದು. ಥರ್ಮಾಮೀಟರ್ ಜ್ವರವಿದೆ ಎಂದು ಹೇಳೀತು, ಮಲೇರಿಯಾ ಎಂದು ಹೇಳಲಾರದು. ಹೊಗೆ ಹಾಯಿಸಿ ಸೋರಿಕೆ ಹುಡುಕುವುದು, ಒತ್ತಡ ಅಳೆಯುವುದು, ವೈರಿನ ಒಂದೊಂದು ಕೊನೆಯನ್ನೂ ಮೀಟರಿಗೆ ಹಿಡಿದು ನೋಡುವುದು ಇವೆಲ್ಲ ತಾಸುಗಟ್ಟಲೆ ಕೆಲಸ. ಸೆನ್ಸರ್ ಬಿಚ್ಚಿ ಹಾಕುವುದು ಅರ್ಧ ತಾಸಿನ ಕೆಲಸ, ಮೇಲೆ ಬಿಡಿಭಾಗದ ಮಾರಾಟ. ಯಾವುದು ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇದರ ನಿಜವಾದ ಪರೀಕ್ಷೆ ಮುಂಬಯಿಯಂಥ ಊರಿನಲ್ಲಿ ಡೀಸೆಲ್ ಕಾರಿನ ಹೊಗೆಸೋಸುಕ, ಎಲ್ಲರ ಬಾಯಲ್ಲಿ ಡಿಪಿಎಫ್. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಇದು ಕಾಯಂ. ಮಸಿಯನ್ನು ಹಿಡಿದಿಟ್ಟುಕೊಂಡು, ಹೊಗೆಯ ಉಷ್ಣತೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದನ್ನು ಸುಡಬೇಕು. ಅಷ್ಟು ಬಿಸಿಯೇರಬೇಕಾದರೆ ಕಾರು ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಈಗ ಗೋರೆಗಾಂವ್‌ನಲ್ಲಿ ಮನೆ, ಸೀಪ್ಝ್‌ನಲ್ಲಿ ಕೆಲಸ ಇರುವ ಒಬ್ಬರನ್ನು ಊಹಿಸಿಕೊಳ್ಳಿ. ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡಿನಲ್ಲಿ ಮೊದಲ ಗೇರು, ಎರಡನೇ ಗೇರು, ಬ್ರೇಕು. ಮಸಿ ಕೂರುತ್ತದೆ, ಸುಡುವುದಿಲ್ಲ, ದೀಪ ಹತ್ತುತ್ತದೆ. ಮೊದಲ ಜಾಬ್ ಕಾರ್ಡಿನಲ್ಲಿ ಸ್ಕ್ಯಾನರ್ ಹಚ್ಚಿ ಬಲವಂತವಾಗಿ ಸುಟ್ಟದ್ದು ದಾಖಲಾಗುತ್ತದೆ. ಎರಡನೆಯದರಲ್ಲಿ ಒತ್ತಡದ ಸೆನ್ಸರ್ ಬದಲು. ಮೂರನೆಯದರಲ್ಲಿ ‘ಡೀಸೆಲ್ ಕಲಬೆರಕೆ’ ಎಂಬ ಷರಾ, ಇಂಜೆಕ್ಟರ್ ತೊಳೆತ. ನಾಲ್ಕನೆಯದರಲ್ಲಿ ಇಡೀ ಸೋಸುಕದ ಎಸ್ಟಿಮೇಟ್. ಪದೇ ಪದೇ ಸುಡಲು ಹೋದಾಗ ಸುಡದ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿದು ಆಯಿಲ್ ಮಟ್ಟ ಏರುವುದನ್ನು ಯಾರೂ ಬರೆಯುವುದಿಲ್ಲ.

ಅದೇ ಕಾರು ದಸರೆಗೆ ಊರಿಗೆ ಹೊರಡಲಿ. ಪನ್ವೇಲ್ ದಾಟಿ ಹೆದ್ದಾರಿ 66 ಹಿಡಿದು, ರಸ್ತೆ ಚೆನ್ನಾಗಿರುವಲ್ಲಿ ಎಂಬತ್ತರ ವೇಗದಲ್ಲಿ ಉಡುಪಿಯ ಕಡೆ ಓಡುವಾಗ ಮಸಿ ತಾನಾಗಿ ಸುಟ್ಟುಹೋಗಬಹುದು. ಯಾರ ಕೈಯೂ ತಾಗದೆ ದೀಪ ಆರಬಹುದು. ಮುಂಬಯಿಗೆ ಮರಳಿ ಕೆಲವು ವಾರವಾದರೆ ಮತ್ತೆ ಹತ್ತುತ್ತದೆ. ಪ್ರಾಮಾಣಿಕ ರೋಗನಿರ್ಣಯ ಒಂದೇ ಸಾಲಿನದು: ಯಾವ ಭಾಗವೂ ಕೆಟ್ಟಿಲ್ಲ, ಈ ಗಾಡಿ ಈ ದಾರಿಗೆ ಒಗ್ಗುವುದಿಲ್ಲ. ಈ ಸಾಲನ್ನು ಹೇಳಬೇಕಾದ್ದು ಶೋರೂಮಿನಲ್ಲಿ, ಮಾರುವ ಮೊದಲು. ಅಲ್ಲಿ ಹೇಳದ್ದನ್ನು ಮರೆಸಲು ವರ್ಕ್‌ಶಾಪಿನಲ್ಲಿ ಒಂದೊಂದೇ ಭಾಗ ಬಿಚ್ಚಲಾಗುತ್ತದೆ.

ಇದಕ್ಕಿಂತ ವಿಚಿತ್ರವಾದದ್ದು ವಾರಂಟಿಯ ಗಡಿಯಲ್ಲಿ ನಡೆಯುವ ಪವಾಡ. ವಾರಂಟಿಯ ಒಳಗೆ ಮುಂದಿನ ಚಕ್ರದ ಬಳಿ ಬರುವ ಕಟಕಟ ಶಬ್ದಕ್ಕೆ ಅಡ್ವೈಸರ್ ಕೊಡುವ ಉತ್ತರ, ‘ಯೇ ನಾರ್ಮಲ್ ಹೈ ಸರ್, ಸಬ್ ಗಾಡೀ ಮೇ ಆತಾ ಹೈ.’ ಅವಧಿ ಮುಗಿದ ಮೇಲೆ ಅದೇ ಶಬ್ದಕ್ಕೆ ‘ಪೂರಾ ಅಸೆಂಬ್ಲಿ ಬದಲ್ನಾ ಪಡೇಗಾ.’ ಶಬ್ದ ಬದಲಾಗಿಲ್ಲ, ಹಣ ಕೊಡುವವರು ಬದಲಾಗಿದ್ದಾರೆ. ಒಳಗಿರುವಾಗ ಡೀಲರ್ ಕಂಪನಿಯಿಂದ ಹಣ ವಸೂಲು ಮಾಡಬೇಕು, ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ಹೊರಗೆ ಬಂದ ಮೇಲೆ ಗ್ರಾಹಕನ ಜೇಬು ಎದುರಿಗೇ ಇದೆ. ತಪ್ಪು ಪತ್ತೆಯನ್ನು ಮೆಕ್ಯಾನಿಕ್ಕಿನ ಅಜ್ಞಾನವೆಂದು ನೋಡುವವರು ಈ ವ್ಯವಸ್ಥಿತತೆಯನ್ನು ಗಮನಿಸಬೇಕು. ಅಜ್ಞಾನ ಎರಡೂ ಕಡೆ ವಾಲಬೇಕಿತ್ತು. ಇದು ಒಂದೇ ಕಡೆ ವಾಲುತ್ತದೆ.

ಮಳೆಗಾಲದ ಮಾತು ಬೇರೆಯೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದಾಗ ಮುಳುಗಿದ ಕಾರುಗಳ ಕಥೆ ಮುಂಬಯಿಯ ಓದುಗರಿಗೆ ಹೊಸದಲ್ಲ. ಹಿಂದಮಾತಾದಲ್ಲೋ ಮಿಲನ್ ಸಬ್‌ವೇಯಲ್ಲೋ ನಿಂತ ಇಂಜಿನ್ನಿಗೆ ‘ಹೈಡ್ರೋಸ್ಟ್ಯಾಟಿಕ್ ಲಾಕ್’ ಎಂದು, ಅಂದರೆ ಒಳಗೆ ನೀರು ಹೊಕ್ಕು ಕಚ್ಚಿಕೊಂಡಿದೆ ಎಂದು, ಬರೆದರೆ ಕಂಪನಿಯ ವಾರಂಟಿ ಕೈ ತೊಳೆದುಕೊಳ್ಳುತ್ತದೆ. ನೀರಿನಲ್ಲಿ ಮತ್ತೆ ಸ್ಟಾರ್ಟ್ ಮಾಡಿದ್ದೀರಿ ಎಂದು, ಇಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದವರಿಂದ ವಿಮೆಯೂ ದೂರ ಸರಿಯುತ್ತದೆ. ಯಾರು ದುಡ್ಡು ಕೊಡಬೇಕೆಂದು ಹೇಳುವುದು ಆ ಎರಡು ಪದ.

ಈಗ ಈ ಏರ್ಪಾಡಿನ ಬಗ್ಗೆ ಬರೆಯುವ ಸಹ ವಿಮರ್ಶಕರ ವಿಚಾರ. ಒಂದು ಬಣಕ್ಕೆ ಕುರ್ಲಾ ಸಿಎಸ್‌ಟಿ ರೋಡಿನ ಮಿಸ್ತ್ರಿಯೇ ಪರಿಹಾರ. ಬಾನೆಟ್ಟಿಗೆ ಕಿವಿಯಿಟ್ಟು ರೋಗ ಹೇಳುವ ಉಸ್ತಾದನ ಬಗ್ಗೆ ಬರೆಯುವಾಗ ಇವರ ಕಣ್ಣು ತೇವವಾಗುತ್ತದೆ. ಕಾರ್ಬುರೇಟರಿನ ಪದ್ಮಿನಿ ಕಾರಿಗೆ ಆ ಕಿವಿ ಸಾಕಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲೇ ಮುಂಬಯಿಯ ರಸ್ತೆ ಬಿಟ್ಟಿತು. ಹತ್ತಾರು ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಇಂದಿನ ಕಾರಿನ ಮುಂದೆ ಉಸ್ತಾದನೂ ಊಹಿಸುತ್ತಾನೆ. ಅವನ ಊಹೆ ಅಗ್ಗ ಎಂಬುದೊಂದು ಗುಣ, ಬಿಲ್ ಇಲ್ಲ ಎಂಬುದು ದೋಷ. ಸಾಧನ ಮತ್ತು ಮಾಹಿತಿಯನ್ನು ಅವನಿಂದ ದೂರವಿಟ್ಟವರು ಯಾರು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಉತ್ತರ ಕೊಟ್ಟಿತ್ತು: 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮಿಕ್ಕಿದ ದಂಡ, ಬಿಡಿಭಾಗ ಮತ್ತು ತಪಾಸಣಾ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕೆಂಬ ಆದೇಶ, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬಾರದೆಂಬ ಸೂಚನೆ. ಕಂಪನಿಗಳು ಮೇಲ್ಮನವಿಗೆ ಹೋದವು. ಈ ಆದೇಶವನ್ನು ಬಿಡುಗಡೆಯ ಪತ್ರವೆಂದು ಹೊಗಳುವವರನ್ನು ನಾನು ಒಪ್ಪಲಾರೆ. ‘ಹೊರಗಿನ ಕೆಲಸದಿಂದಲೇ ಈ ಹಾನಿ’ ಎಂದು ಹೇಳುವ ದಾರಿ ತೆರೆದೇ ಇದೆ. ಅದನ್ನು ಹೇಳುವವರು ಯಾರು? ಮತ್ತೆ ಅದೇ ಸರ್ವಿಸ್ ಸೆಂಟರ್, ಅದೇ ಸ್ಕ್ಯಾನರ್, ಅದೇ ಊಹೆ. 2022ರ ಡಿಸೆಂಬರ್ 24ರಂದು ಗ್ರಾಹಕ ಇಲಾಖೆ ತೆರೆದ ‘ರೈಟ್ ಟು ರಿಪೇರ್’ ಪೋರ್ಟಲ್ ಮಾಹಿತಿ ಕೊಡಬಲ್ಲದು, ತಪ್ಪು ಪತ್ತೆಗೆ ಹೊಣೆಗಾರನನ್ನು ಕೊಡಲಾರದು.

ಎರಡನೆಯ ಬಣ ಕಾನೂನು ಅಂಕಣಕಾರರದು, ನನ್ನ ಹೆಚ್ಚಿನ ಸಿಟ್ಟು ಇವರ ಮೇಲೆ. ಈ ನಗರದಲ್ಲೇ 1966ರಲ್ಲಿ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ, 1975ರಲ್ಲಿ ಮುಂಬಯಿ ಗ್ರಾಹಕ ಪಂಚಾಯತ್ ಹುಟ್ಟಿದವು. ಬಿಲ್ ಜೋಪಾನ ಮಾಡುವ ಸಂಸ್ಕಾರಕ್ಕೆ ನಾವು ಅವುಗಳಿಗೆ ಋಣಿ. ಅಂಕಣಕಾರರು ಆ ಬಿಲ್ಲನ್ನು ಹಿಡಿದು ತಪ್ಪು ಬಾಗಿಲಿಗೆ ಕಳಿಸುತ್ತಾರೆ. ಇವರ ಸಲಹೆ ಯಾವಾಗಲೂ ಒಂದೇ: ತಯಾರಿಕಾ ದೋಷ ಎಂದು ದೂರು ಕೊಡಿ, ಹೊಸ ಕಾರು ಕೇಳಿ. ಕೈಯಲ್ಲಿ ತೋರಿಸಲು ಎರಡು ಪದಕ. ದೋಷವಿದ್ದ ಕಾರನ್ನು ಹೊಸದೆಂದು ಮಾರಿದ್ದಕ್ಕೆ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್‌ಗೆ ಸುಪ್ರೀಂ ಕೋರ್ಟ್ 2004ರಲ್ಲಿ ಛೀಮಾರಿ ಹಾಕಿದ್ದು ಒಂದು. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದ ಹ್ಯುಂಡೈ ಪ್ರಕರಣದಲ್ಲಿ, ಡಿಕ್ಕಿಯ ವೇಗ–ಬಲ ಲೆಕ್ಕ ಹಾಕಲು ಗ್ರಾಹಕ ಭೌತವಿಜ್ಞಾನಿಯಾಗಬೇಕಿಲ್ಲ ಎಂದು 2022ರಲ್ಲಿ ಹೇಳಿದ್ದು ಇನ್ನೊಂದು. ಎರಡೂ ಒಳ್ಳೆಯ ತೀರ್ಪುಗಳು. ಆದರೆ ತೆರೆಯದ ಏರ್‌ಬ್ಯಾಗ್ ಯಾರ ಕಣ್ಣಿಗೂ ಕಾಣುತ್ತದೆ. ಬಂದು ಹೋಗುವ ದೀಪ, ಇದ್ದು ಇಲ್ಲದಂತಿರುವ ಕಂಪನ ಕಾಣುವುದಿಲ್ಲ. ತಯಾರಿಕಾ ದೋಷ ಎಂದೊಡನೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕಲಂ 38 ಎದ್ದು ನಿಲ್ಲುತ್ತದೆ. ಪರೀಕ್ಷೆ ಬೇಕೆಂದಾದರೆ ಪ್ರಯೋಗಾಲಯ, ವರದಿಗೆ 45 ದಿನ, ಶುಲ್ಕ ಕಟ್ಟಬೇಕಾದವನು ದೂರುದಾರ. ಮೂರು ತಿಂಗಳಲ್ಲಿ ಮುಗಿಯಬೇಕಾದ ದೂರಿಗೆ, ಪರೀಕ್ಷೆ ಬೇಕಾದರೆ, ಕಾಯಿದೆಯೇ ಐದು ತಿಂಗಳ ಗಡುವು ಕೊಡುತ್ತದೆ. ಬಾಂದ್ರಾ ಪೂರ್ವದ ಉಪನಗರ ಜಿಲ್ಲಾ ಆಯೋಗದ ಮೆಟ್ಟಿಲು ಹತ್ತಿದವರು ಆ ಅಂಕಿಗೆ ನಗುತ್ತಾರೆ. ಅಷ್ಟರಲ್ಲಿ ಕಾರು ಓಡಿರುತ್ತದೆ ಅಥವಾ ಧೂಳು ತಿಂದಿರುತ್ತದೆ, ಹಳೆಯ ಭಾಗ ಮೊದಲೇ ಹೋಗಿರುತ್ತದೆ. ಪುಸ್ತಿಕೆಯ ವಾಕ್ಯವನ್ನೇ ಅನ್ಯಾಯದ ಕರಾರು ಎಂದು ಪ್ರಶ್ನಿಸಬೇಕೆಂದರೆ ಜಿಲ್ಲೆ ಸಾಲದು, ರಾಜ್ಯ ಆಯೋಗಕ್ಕೇ ಹೋಗಬೇಕು.

ಇಷ್ಟೆಲ್ಲ ಯಾಕೆ ಹೊರಬೇಕು? ತಪ್ಪು ಪತ್ತೆ ಎಂಬುದು ಸೇವೆಯ ಕೊರತೆ. ಅದೇ ಕಾಯಿದೆಯ ಕಲಂ 2(11) ಕೊರತೆಯನ್ನು ವಿವರಿಸುವಾಗ ನಿರ್ಲಕ್ಷ್ಯವನ್ನೂ, ಗ್ರಾಹಕನಿಗೆ ತಿಳಿಯಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ಹೆಸರಿಸಿ ಒಳಗೆ ಸೇರಿಸುತ್ತದೆ. ಒಂದೇ ದೂರು, ನಾಲ್ಕು ಜಾಬ್ ಕಾರ್ಡ್, ನಾಲ್ಕು ಬೇರೆ ಬೇರೆ ಕೆಲಸ: ಇದನ್ನು ತೋರಿಸಲು ಮಾಟುಂಗಾದ ವಿಜೆಟಿಐಯ ಪ್ರೊಫೆಸರೂ ಬೇಡ, ಪುಣೆಯ ಎಆರ್‌ಎಐಯೂ ಬೇಡ. ಸರ್ವಿಸ್ ಸೆಂಟರ್ ತನ್ನ ಕೈಯಾರೆ ಬರೆದು ಸಹಿ ಮಾಡಿದ ಒಪ್ಪಿಗೆಗಳು ಅವು. ಹೊಸ ಕಾರು ಸಿಗದು, ನಿಜ. ಬೇಡದ ಸೆನ್ಸರಿನ ಹಣ, ಬೇಡದ ತೊಳೆತದ ಹಣ, ಕಾರಿಲ್ಲದೆ ಕಳೆದ ದಿನಗಳ ಪರಿಹಾರ ಕೇಳಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. ಅಂಕಣಕಾರರಿಗೆ ಇದು ಸಣ್ಣ ಮೊತ್ತವಾಗಿ ಕಾಣುತ್ತದೆ, ಸುದ್ದಿಯಾಗುವುದಿಲ್ಲ, ಪದಕವಾಗುವುದಿಲ್ಲ.

ಒಳ್ಳೆಯ ವರ್ಕ್‌ಶಾಪ್ ಫೋರ್‌ಮನ್‌ಗಳು ಇಲ್ಲವೆಂದು ನಾನು ಹೇಳುತ್ತಿಲ್ಲ. ಬಾಯಿಬಿಟ್ಟು ‘ಗೊತ್ತಾಗುತ್ತಿಲ್ಲ, ಎರಡು ದಿನ ಗಾಡಿ ಬಿಡಿ’ ಎನ್ನುವವರಿದ್ದಾರೆ. ತಿಂಗಳ ಟಾರ್ಗೆಟ್ಟಿನ ಪಟ್ಟಿಯಲ್ಲಿ ಅಂಥವರ ಹೆಸರು ಮೇಲಿರುವುದಿಲ್ಲ ಅಷ್ಟೆ.

ಬಿಲ್ಲನ್ನು ಕೊನೆಯ ಸಾಲಿನವರೆಗೆ ಓದಬೇಕು. ಬಿಡಿಭಾಗ, ಲೇಬರ್, ಕನ್ಸ್ಯೂಮೆಬಲ್ಸ್ ಎಲ್ಲ ಆದ ಮೇಲೆ ಬಹಳಷ್ಟು ಬಿಲ್ಲುಗಳಲ್ಲಿ ‘ಸ್ಕ್ಯಾನಿಂಗ್ ಚಾರ್ಜ್’ ಎಂದೋ ‘ಡಯಾಗ್ನೋಸಿಸ್’ ಎಂದೋ ಇನ್ನೊಂದು ಸಾಲು ಇರುತ್ತದೆ, ಅದರ ಮೇಲೆ ಶೇ. 18 ಜಿಎಸ್‌ಟಿ. ಅಂದರೆ ಊಹೆಯನ್ನು ಸೇವೆಯೆಂದು ಮಾರಿದ್ದಾರೆ, ಬೆಲೆ ಹಚ್ಚಿದ್ದಾರೆ, ತೆರಿಗೆಯನ್ನೂ ವಸೂಲು ಮಾಡಿದ್ದಾರೆ. ದೂರಿನ ಮೊದಲ ಪ್ಯಾರಾ ಆ ಸಾಲಿನಿಂದ ಶುರುವಾಗಲಿ. ತಯಾರಿಕಾ ದೋಷದ ಮಾತನ್ನು ವಕೀಲರು ಬೇಕಾದರೆ ಆಮೇಲೆ ಸೇರಿಸಿಕೊಳ್ಳಲಿ.