ಗಡಿಯ ಹುಡುಗರ ಇಂಗ್ಲಿಷ್: ಯಾರ ಕಿವಿ ಮಂದ?

ಮಹಾರಾಷ್ಟ್ರದ ಅಂಚಿನ ಜಳಕೋಟ, ಉದಗೀರ, ನಿಲಂಗಾ, ಉಮರ್ಗಾ ಕಡೆಯ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಇಂಗ್ಲಿಷಿನ ಮಾತು ಬಂದರೆ ತೀರ್ಪು ಬಹುಮಟ್ಟಿಗೆ ಒಂದೇ. ‘ಹುಡುಗರು ಓದ್ತಾರ, ಅದಕ್ಕೇನೂ ಅಡ್ಡಿಯಿಲ್ಲ. ಕೇಳಿದ್ದು ಮಾತ್ರ ತಲೀಗೆ ಹೋಗಂಗಿಲ್ಲ.’ ಗಡಿ ದಾಟಿ ಕರ್ನಾಟಕದ ಭಾಲ್ಕಿ, ಔರಾದ, ಬಸವಕಲ್ಯಾಣಕ್ಕೆ ಬಂದರೂ ಇದೇ ಮಾತು ಕಿವಿಗೆ ಬೀಳುತ್ತದೆ. ಪರಿಹಾರವೂ ಸಿದ್ಧವಿದೆ: ಲ್ಯಾಂಗ್ವೇಜ್ ಲ್ಯಾಬು, ಸಾಲು ಹೆಡ್‌ಫೋನು, ಮೇಲೊಂದು ಸಾಫ್ಟ್‌ವೇರು. ಕಾಲೇಜಿನ ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಬರುವ ವರ್ಷವಂತೂ ಈ ಖರೀದಿಗೆ ಹಣದ ತೊಂದರೆಯೇ ಬರುವುದಿಲ್ಲ.

ಈ ತೀರ್ಪಿನ ಎರಡೂ ಭಾಗ ತಪ್ಪು ಎಂಬುದು ನನ್ನ ತಕರಾರು. ನಮ್ಮ ಹುಡುಗರ ಓದು ನಾವು ತಿಳಿದಿರುವುದಕ್ಕಿಂತ ಕೆಟ್ಟದಾಗಿದೆ. ಅವರ ಕೇಳುವ ಶಕ್ತಿ ನಾವು ತಿಳಿದಿರುವುದಕ್ಕಿಂತ ಎಷ್ಟೋ ಚೆನ್ನಾಗಿದೆ. ಎರಡೂ ಕಡೆ ನಮ್ಮ ಕಣ್ಣಿಗೆ ಮಣ್ಣೆರಚುತ್ತಿರುವುದು ನಾವೇ ತಯಾರಿಸುವ ಪರೀಕ್ಷೆ.

ಮೊದಲು ಓದು. ಒಂದು ‘ಅನ್‌ಸೀನ್ ಪ್ಯಾಸೇಜ್’ ಕೊಡುತ್ತೇನೆ: ‘ಡಿಂಪಲಿಯು ಗುಬ್ಬಟೆಯಲ್ಲಿ ಮಿಸುಗನ್ನು ಸಡೆಯಿತು. ಆಮೇಲೆ ನಂಗರಿಗೆ ಹೆದರಿ ಬೊಳಸಿತು.’ ಪ್ರಶ್ನೆ ಒಂದು, ಡಿಂಪಲಿಯು ಮಿಸುಗನ್ನು ಎಲ್ಲಿ ಸಡೆಯಿತು? ಪ್ರಶ್ನೆ ಎರಡು, ಅದು ಏಕೆ ಬೊಳಸಿತು? ಎರಡಕ್ಕೂ ನೀವು ಪೂರ್ಣ ಅಂಕದ ಉತ್ತರ ಬರೆಯಬಲ್ಲಿರಿ. ಡಿಂಪಲಿ ಹಕ್ಕಿಯೋ ಹುಳವೋ ನಿಮಗೆ ತಿಳಿಯದು. ನನಗೂ ತಿಳಿಯದು, ಈಗಷ್ಟೇ ಹುಟ್ಟಿಸಿದ್ದು. ಪ್ರಶ್ನೆಯ ಪದಗಳನ್ನು ಪ್ಯಾಸೇಜಿನಲ್ಲಿ ಹುಡುಕಿ, ಸಿಕ್ಕ ಸಾಲನ್ನು ಎತ್ತಿ ಬರೆದರೆ ಕೆಲಸ ಮುಗಿಯಿತು. ನಮ್ಮ ಪರೀಕ್ಷೆಗಳಲ್ಲಿ ಓದಿನ ಹೆಸರಿನಲ್ಲಿ ಕೊಡುವ ಅಂಕದ ದೊಡ್ಡ ಪಾಲು ಇಂಥ ಹುಡುಕಾಟಕ್ಕೆ ಸಲ್ಲುತ್ತದೆ. ಉಳಿದದ್ದು ಪಠ್ಯದ ಪಾಠಗಳ ಮೇಲಿನ ಪ್ರಶ್ನೆ. ಅದಕ್ಕೆ ಗೈಡು ಇದೆ, ‘ಇಂಪಾರ್ಟೆಂಟ್’ ಪಟ್ಟಿ ಇದೆ, ಬಾಯಿಪಾಠ ಇದೆ. ಹುಡುಗ ಇಂಗ್ಲಿಷ್ ಓದಿದ್ದಾನೋ ಗೈಡಿನ ಪುಟವನ್ನು ನೆನಪಿನಿಂದ ಇಳಿಸಿದ್ದಾನೋ ಉತ್ತರಪತ್ರಿಕೆ ಹೇಳುವುದಿಲ್ಲ.

ನಮ್ಮ ಸೀಮೆಗೆ ‘ಲಾತೂರು ಪ್ಯಾಟರ್ನ್’ ಎಂಬ ಕೀರ್ತಿ ಬೇರೆ ಇದೆ. ಟೆಸ್ಟಿನ ಮೇಲೆ ಟೆಸ್ಟು ಕೊಟ್ಟು, ಪ್ರಶ್ನೆಗಳ ಬಗೆಯನ್ನೇ ಕೈಗೆ ರೂಢಿ ಮಾಡಿಸಿ ಹಳ್ಳಿಯ ಮಕ್ಕಳನ್ನು ಮೆಡಿಕಲ್, ಇಂಜಿನಿಯರಿಂಗ್ ಸೀಟಿನವರೆಗೆ ತಲುಪಿಸಿದ ಪದ್ಧತಿ ಅದು. ಅದನ್ನು ಹಗುರಾಗಿ ಕಾಣುವವನು ನಾನಲ್ಲ. ಹೊಲದ ಮನೆಯ ಹುಡುಗಿ ಡಾಕ್ಟರ್ ಆಗಿದ್ದರೆ ಅದರಲ್ಲಿ ಈ ಕಸರತ್ತಿನ ಪಾಲಿದೆ. ಆದರೆ ಭೌತಶಾಸ್ತ್ರದ ಲೆಕ್ಕಕ್ಕೆ ಒಗ್ಗಿದ ಪದ್ಧತಿ ಭಾಷೆಗೆ ಒಗ್ಗಲೇಬೇಕೆಂದಿಲ್ಲ. ಲೆಕ್ಕದ ಬಗೆ ಗೊತ್ತಾದರೆ ಲೆಕ್ಕ ಬಂತು ಎನ್ನಬಹುದು. ಪ್ರಶ್ನೆಯ ಬಗೆ ಗೊತ್ತಾದರೆ ಓದು ಬಂತು ಎನ್ನಲಾಗದು.

ಗಟ್ಟಿಯಾಗಿ ಓದುವುದನ್ನೇ ಓದು ಎಂದು ತಿಳಿಯುವ ರೂಢಿಯೂ ಇದಕ್ಕೆ ಸೇರಿಕೊಂಡಿದೆ. ಇಂಗ್ಲಿಷ್ ಪಠ್ಯದ ಸಾಲುಗಳ ಮೇಲೆ ಪೆನ್ಸಿಲಿನಲ್ಲಿ ದೇವನಾಗರಿಯಲ್ಲೋ ಕನ್ನಡದಲ್ಲೋ ಉಚ್ಚಾರ ಬರೆದುಕೊಂಡಿರುವ ಪುಸ್ತಕಗಳನ್ನು ಯಾರು ನೋಡಿಲ್ಲ? ಮಾಸ್ತರರು ‘ಓದು’ ಎಂದಾಗ ಹುಡುಗ ಆ ಪೆನ್ಸಿಲ್ ಸಾಲನ್ನು ಸರಾಗ ಓದುತ್ತಾನೆ. ಓದಿದ ಎಂದು ಮಾಸ್ತರರಿಗೆ ಸಮಾಧಾನ. ಗಟ್ಟಿ ಓದಿಗೂ ಅರ್ಥಕ್ಕೂ ಇರುವ ಅಂತರವನ್ನು ಮಕ್ಕಳ ಕಲಿಕೆಯ ಸಮೀಕ್ಷೆಯಾದ 2023ರ ಅಸರ್ ವರದಿ ಅಂಕಿಯಲ್ಲಿ ಹಿಡಿದಿದೆ. 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನ ಗ್ರಾಮೀಣ ಮಕ್ಕಳನ್ನು ಕೇಳಿದಾಗ ಶೇ. 57ರಷ್ಟು ಮಂದಿ ಇಂಗ್ಲಿಷ್ ವಾಕ್ಯಗಳನ್ನು ಓದಿದರು. ಹಾಗೆ ಓದಿದವರಲ್ಲೂ ಸುಮಾರು ಕಾಲುಭಾಗದವರಿಗೆ ಅದೇ ವಾಕ್ಯದ ಅರ್ಥ ಹೇಳಲಾಗಲಿಲ್ಲ. ಅಲ್ಲಿ ಕೊಟ್ಟದ್ದು ಪುಟ್ಟ ಪುಟ್ಟ ಸುಲಭ ವಾಕ್ಯಗಳು. ಆ ವಯಸ್ಸಿನ ಮಕ್ಕಳೇ ಮುಂದೆ ಬಿ.ಎ. ಮೊದಲ ವರ್ಷಕ್ಕೆ ಬರುವವರು. ‘ಓದಿಗೆ ಅಡ್ಡಿಯಿಲ್ಲ’ ಎನ್ನುವವರು ಅರ್ಥ ಕೇಳಿ ನೋಡಿದ್ದಾರೆಯೇ?

ಇನ್ನು ಕೇಳುವುದು. ಇಲ್ಲಿ ಊರಿನ ಇತಿಹಾಸವನ್ನು ಸ್ವಲ್ಪ ಕೆದಕಬೇಕು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯದ ಉಸ್ಮಾನಾಬಾದಿಗೆ ಹೋದವು. 1982ರಲ್ಲಿ ಲಾತೂರು ಜಿಲ್ಲೆಯಾಯಿತು. ಜಳಕೋಟ ತಾಲ್ಲೂಕಾದದ್ದು ಇನ್ನೂ ಈಚೆಗೆ. ಇದೆಲ್ಲಕ್ಕೂ ಮೊದಲು ಇಡೀ ಪ್ರದೇಶ ಹೈದರಾಬಾದಿನ ನಿಜಾಮನ ಸೀಮೆ. 1918ರಲ್ಲಿ ಹೈದರಾಬಾದಿನಲ್ಲಿ ಉರ್ದುವಿನಲ್ಲೇ ಕಾಲೇಜು ಶಿಕ್ಷಣ ಕೊಡುವ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂದಾಗಲೂ ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿ ಉಳಿಸಿಕೊಂಡಿದ್ದರು. ಹೀಗಾಗಿ ಇಲ್ಲಿ ಒಂದೇ ಮನೆಯ ಅಜ್ಜ ಉರ್ದು ಕಲಿತಿದ್ದಾನೆ, ಅಪ್ಪ ಮರಾಠಿ ಶಾಲೆಗೆ ಹೋಗಿದ್ದಾನೆ, ಮಗ ಇಂಗ್ಲಿಷಿನ ಬೆನ್ನು ಹತ್ತಿದ್ದಾನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ ಉರ್ದು, ತೆಲುಗು ಸೀಮೆಗೆ ಹತ್ತಿರದ ದೇಗಲೂರಿನ ಕಡೆ ನಂಟಸ್ತಿಕೆ ಇದ್ದರೆ ಅಷ್ಟಿಷ್ಟು ತೆಲುಗು.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮನೆಯಲ್ಲಿ ಕನ್ನಡವನ್ನೇ ಆಡುವ ಇಲ್ಲಿಯ ಎಷ್ಟೋ ಮಕ್ಕಳಿಗೆ ಕನ್ನಡ ಲಿಪಿ ಬರುವುದಿಲ್ಲ. ಅವರು ಕಲಿತ ಅಕ್ಷರ ದೇವನಾಗರಿ. ಅಂದರೆ ತಾಯ್ನುಡಿ ಅವರಿಗೆ ಬಂದದ್ದು ಪೂರ್ತಿಯಾಗಿ ಕಿವಿಯಿಂದ, ಪುಸ್ತಕದ ನೆರವಿಲ್ಲದೆ. ಸಂತೆಯ ದಖನಿಯೂ ಹಾಗೆಯೇ ಬಂದದ್ದು. ಅರ್ಧ ತಿಳಿದ ಮಾತಿನಿಂದ ಪೂರ್ತಿ ವ್ಯವಹಾರ ಊಹಿಸುವುದು, ಗೊತ್ತಿಲ್ಲದ ಪದ ಬಂದಾಗ ಗಾಬರಿಯಾಗದೆ ಮುಂದಿನ ಮಾತಿಗೆ ಕಾಯುವುದು, ಎದುರಿನವನ ನುಡಿ ಬದಲಾದ ಕೂಡಲೇ ತಾನೂ ಬದಲಾಗುವುದು ಅವರಿಗೆ ನಿತ್ಯದ ಕೆಲಸ. ಇಂಥವರಿಗೆ ‘ಕೇಳುವ ಕೌಶಲ ದುರ್ಬಲ’ ಎಂದು ಹಣೆಪಟ್ಟಿ ಹಚ್ಚುವ ಮೊದಲು ಅಳತೆಗೋಲಿನ ಕಡೆ ಒಮ್ಮೆ ನೋಡಬಾರದೆ?

ಅಳತೆಗೋಲು ಹೇಗಿದೆ? ಮಹಾರಾಷ್ಟ್ರದ ಹನ್ನೆರಡನೆಯ ತರಗತಿಯ ಇಂಗ್ಲಿಷಿನಲ್ಲಿ 80 ಅಂಕ ಬರವಣಿಗೆಗೆ, 20 ಮೌಖಿಕಕ್ಕೆ. ಆ ಇಪ್ಪತ್ತನ್ನು ಕೊಡುವುದು ಕಾಲೇಜಿನವರೇ ಆದ್ದರಿಂದ ಕೈ ಧಾರಾಳವಾಗಿರುತ್ತದೆ. ಅದು ಅಳತೆಯಾಗುವುದಕ್ಕಿಂತ ಉಡುಗೊರೆಯಾಗುವುದೇ ಹೆಚ್ಚು. ಡಿಗ್ರಿಗೆ ಬಂದ ಮೇಲೆ ನಿಜವಾಗಿ ಅಳೆಯಬೇಕೆನಿಸಿದ ಮೇಷ್ಟರು ಮಾಡುವುದೇನು? ಐಇಎಲ್‌ಟಿಎಸ್ ಮಾದರಿಯ ಒಂದು ಧ್ವನಿಮುದ್ರಿಕೆ ತರುತ್ತಾರೆ. ಅದು 1989ರಿಂದ ವಿದೇಶಕ್ಕೆ ಹೊರಟವರಿಗಾಗಿ ನಡೆಯುತ್ತಿರುವ ಪರೀಕ್ಷೆ. ಮುದ್ರಿಕೆಯನ್ನು ಒಂದೇ ಸಲ ಕೇಳಿಸುತ್ತಾರೆ, 40 ಪ್ರಶ್ನೆಗಳಿರುತ್ತವೆ, ಧ್ವನಿ ಬ್ರಿಟನ್ನಿನದೋ ಆಸ್ಟ್ರೇಲಿಯಾದ್ದೋ ಆಗಿರುತ್ತದೆ. ಕೇಳುತ್ತಲೇ ಪ್ರಶ್ನೆ ಓದಬೇಕು, ಓದುತ್ತಲೇ ಉತ್ತರ ಬರೆಯಬೇಕು, ಸ್ಪೆಲಿಂಗ್ ತಪ್ಪಿದರೆ ಅಂಕ ಹೋಯಿತು. ಹೀಗೆ ಕೇಳುವ ಪರೀಕ್ಷೆಯ ಹೊಟ್ಟೆಯಲ್ಲಿ ವೇಗದ ಓದಿನ ಪರೀಕ್ಷೆಯೊಂದು, ಸ್ಪೆಲಿಂಗಿನ ಪರೀಕ್ಷೆಯೊಂದು ಅಡಗಿವೆ. ಮೇಲೆ ಫ್ಯಾನಿನ ಸದ್ದು, ತಗಡಿನ ಸೂರು, ಮೂಲೆಯಲ್ಲಿ ಗೊಗ್ಗರು ಸ್ಪೀಕರು. ನೂರಕ್ಕೆ ಇಪ್ಪತ್ತು ಬಂದಾಗ ಅದು ಯಾವುದರ ಸೋಲು? ಓದು ಸೋತಿರಬಹುದು, ಸ್ಪೆಲಿಂಗ್ ಸೋತಿರಬಹುದು, ಸ್ಪೀಕರೂ ಸೋತಿರಬಹುದು. ಆದರೆ ದೋಷ ಬರೆದುಕೊಳ್ಳುವುದು ಕಿವಿಯ ಖಾತೆಗೆ.

ಧ್ವನಿಯ ಪ್ರಶ್ನೆಯನ್ನು ನಮ್ಮವರು ತೀರ ಮರೆತಿದ್ದರು ಎನ್ನಲಾಗದು. ಹೈದರಾಬಾದಿನಲ್ಲಿ 1958ರಲ್ಲಿ ಶುರುವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ಆರ್.ಕೆ. ಬನ್ಸಲ್ ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಷ್ಟು ತಿಳಿಯುತ್ತದೆ ಎಂದು ಅಳೆದು 1969ರಲ್ಲಿ ಪುಸ್ತಕ ಮಾಡಿದರು. ಆಗಿನ ಚಿಂತೆ ನಮ್ಮ ಮಾತು ಅವರಿಗೆ ತಿಳಿಯಬೇಕೆಂಬುದು. ಈಗಿನ ಚಿಂತೆ ಅವರ ಮಾತು ನಮಗೆ ತಿಳಿಯಬೇಕೆಂಬುದು. ಆದರೆ ನಿಲಂಗಾದ ಹುಡುಗಿ ಪುಣೆಗೆ ಕೆಲಸಕ್ಕೆ ಹೋದರೆ ಅವಳ ಮ್ಯಾನೇಜರ್ ಪಂಜಾಬಿಯೋ ತಮಿಳನೋ ಮಲಯಾಳಿಯೋ ಆಗಿರುತ್ತಾನೆ. ಅವನ ಇಂಗ್ಲಿಷ್ ಅವಳಿಗೆ ತಿಳಿಯುತ್ತದೆಯೇ ಎಂದು ನಾವು ಒಂದು ದಿನವೂ ಪರೀಕ್ಷಿಸಲಿಲ್ಲ.

ನನ್ನ ವಾದವನ್ನು ಇಲ್ಲಿ ತುಸು ಬಿಗಿ ಹಿಡಿಯಬೇಕು. ನಾಲ್ಕು ನುಡಿ ಕಿವಿಗೆ ಬಿದ್ದ ಮಾತ್ರಕ್ಕೆ ಐದನೆಯದು ತಾನಾಗಿ ಬರುವುದಿಲ್ಲ. ಕನ್ನಡ, ಮರಾಠಿಗಳಲ್ಲಿ ಬರೆದ ಅಕ್ಷರ ಬಹುಮಟ್ಟಿಗೆ ಬಾಯಲ್ಲೂ ಬರುತ್ತದೆ. ಇಂಗ್ಲಿಷ್ ಅರ್ಧ ಅಕ್ಷರ ನುಂಗಿ, ಒಂದು ಕಡೆ ಒತ್ತಿ, ಉಳಿದದ್ದನ್ನು ತೇಲಿಸಿಬಿಡುತ್ತದೆ. ಪೆನ್ಸಿಲ್ ಉಚ್ಚಾರದಲ್ಲಿ ‘ವೆಜಿಟೇಬಲ್’ ಎಂದು ಕಲಿತವನಿಗೆ ‘ವೆಜ್‌ಟಬ್ಲ್’ ಎಂಬುದು ಬೇರೆಯೇ ಪದ. ಕಣ್ಣಿಗೆ ಪರಿಚಿತವಾದದ್ದು ಕಿವಿಗೆ ಅಪರಿಚಿತ. ಈ ತೊಂದರೆ ನಿಜ, ಒಪ್ಪುತ್ತೇನೆ. ಆದರೆ ಇದು ಕಿವಿಗೆ ಕೊಡದೆ ಉಳಿದ ಪಾಠ. ನಮ್ಮ ಇಂಗ್ಲಿಷ್ ತಾಸಿನಲ್ಲಿ ಪದ್ಯದ ಅರ್ಥವನ್ನು ಮರಾಠಿಯಲ್ಲಿ ಹೇಳಿ, ಪ್ರಶ್ನೋತ್ತರವನ್ನು ಬೋರ್ಡಿನ ಮೇಲೆ ಬರೆಸಿ, ಗಂಟೆ ಬಾರಿಸಿದರೆ ಮುಗಿಯಿತು. ಇಡೀ ತಾಸಿನಲ್ಲಿ ಸತತವಾಗಿ ಹತ್ತು ನಿಮಿಷ ಇಂಗ್ಲಿಷ್ ಕೇಳಿಸಿದ ಮೇಷ್ಟರು ಎಷ್ಟು ಮಂದಿ? ಕೇಳಿಸದೆ ಇದ್ದದ್ದನ್ನು ಕೇಳಲಾರರು ಎನ್ನುವುದು ಉಣ್ಣಲು ಕೊಡದೆ ಹಸಿವಿಲ್ಲ ಎಂದಂತೆ.

ಹಾಗಾದರೆ ಅಳೆಯುವುದು ಹೇಗೆ? ಭಾಷಾಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾದ ಪ್ರಯೋಗ ನೆನಪಿಗೆ ಬರುತ್ತದೆ. ಬೆಂಗಳೂರು, ಮದ್ರಾಸು ಕಡೆಯ ಸಾಧಾರಣ ಶಾಲೆಗಳಲ್ಲಿ ವ್ಯಾಕರಣದ ಪಾಠ ಬದಿಗಿಟ್ಟು ರೈಲ್ವೆ ವೇಳಾಪಟ್ಟಿ, ನಕ್ಷೆ, ಲೆಕ್ಕದಂಥ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿ ಒಡ್ಡಿದರು. ಹುಡುಗ ಯಾವ ರೈಲು ಹತ್ತಬೇಕೆಂದು ಸರಿಯಾಗಿ ಹೇಳಿದರೆ ಅವನಿಗೆ ತಿಳಿಯಿತು ಎಂದೇ ಅರ್ಥ. 1985ರಲ್ಲಿ ಬೆರೆಟಾ ಮತ್ತು ಡೇವೀಸ್ ಎಂಬಿಬ್ಬರು ಅದರ ಮೌಲ್ಯಮಾಪನ ಪ್ರಕಟಿಸಿದರು. ಹೊಸ ಪದ್ಧತಿಯ ಮಕ್ಕಳಿಗೂ ಹಳೆಯ ಪದ್ಧತಿಯ ಮಕ್ಕಳಿಗೂ ಅನ್ಯಾಯವಾಗದ ಪರೀಕ್ಷೆ ಯಾವುದು ಎಂದು ಅವರು ತಲೆ ಕೆಡಿಸಿಕೊಂಡು ಆರಿಸಿದವುಗಳಲ್ಲಿ ಒಂದು, ಡಿಕ್ಟೇಶನ್! ಕನ್ನಡದ ಉಕ್ತಲೇಖನ, ಮರಾಠಿಯ ಶ್ರುತಲೇಖನ. ಪ್ರಾಥಮಿಕ ಶಾಲೆಯ ಸರಂಜಾಮೆಂದು ನಾವು ಅಟ್ಟಕ್ಕೆ ಹಾಕಿದ್ದು.

ಅದನ್ನೇ ಕಾಲೇಜಿಗೆ ತರಬಹುದು. ಮೇಷ್ಟರು ತಮ್ಮದೇ ಧ್ವನಿಯಲ್ಲಿ, ಸಹಜ ವೇಗದಲ್ಲಿ, ಏಳೆಂಟು ಪದಗಳ ಒಂದೊಂದು ತುಂಡು ಹೇಳಲಿ. ತುಂಡು ಉದ್ದವಾದಷ್ಟೂ ಬರಿಯ ಸದ್ದನ್ನು ತಲೆಯಲ್ಲಿಟ್ಟುಕೊಳ್ಳುವುದು ಕಷ್ಟ, ಅರ್ಥ ಹಿಡಿದವನಿಗೆ ಮಾತ್ರ ನಿಲ್ಲುತ್ತದೆ. ಸ್ಪೆಲಿಂಗಿಗೆ ಅಂಕ ಕಳೆಯಬಾರದು. ಬೇಕಾದರೆ ದೇವನಾಗರಿಯಲ್ಲೋ ಕನ್ನಡದಲ್ಲೋ ಬರೆಯಲಿ. ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹುಡುಗರಿಗೆ ಇಂಗ್ಲಿಷನ್ನು ತಮ್ಮ ಅಕ್ಷರದಲ್ಲಿ ಬರೆಯುವುದು ಹೊಸದೇನಲ್ಲ. ಪದ ಎಲ್ಲಿ ಒಡೆಯಿತು, ಎಲ್ಲಿ ಕೂಡಿಕೊಂಡಿತು ಎಂಬುದು ಅದರಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಓದಿನ ಪರೀಕ್ಷೆಯಲ್ಲೂ ಅರ್ಥ ಕೇಳಿದ್ದಕ್ಕೆ ಉತ್ತರ ಸ್ವಂತ ನುಡಿಯಲ್ಲೇ ಇರಲಿ. ಮಾತ್ರೆಯ ಪಟ್ಟಿಯ ಮೇಲಿನ ಸೂಚನೆ, ಬೆಳೆವಿಮೆಯ ಅರ್ಜಿ, ಕೆಲಸದ ಜಾಹೀರಾತು ಕೊಟ್ಟು ‘ಇದನ್ನು ನಿಮ್ಮ ಅವ್ವನಿಗೆ ತಿಳಿಯುವಂತೆ ಬರೆಯಿರಿ’ ಎನ್ನಿ. ಎತ್ತಿ ಬರೆಯಲು ಅಲ್ಲಿ ಏನೂ ಸಿಗದು. ಇದು ಇಂಗ್ಲಿಷಿಗೆ ಅಪಚಾರವೆಂದು ಹೌಹಾರುವವರು ಅಮೆರಿಕದ ಸಂಶೋಧಕ ಜೇಮ್ಸ್ ಲೀ 1986ರಲ್ಲಿ ಕಂಡದ್ದನ್ನು ನೋಡಬಹುದು. ಸ್ಪ್ಯಾನಿಷ್ ಕಲಿಯುವ ಅಮೆರಿಕನ್ನರಿಗೆ ಓದಿದ್ದನ್ನು ಇಂಗ್ಲಿಷಿನಲ್ಲೇ ಬರೆಯಬಿಟ್ಟಾಗ ಅವರು ಎಷ್ಟೋ ಹೆಚ್ಚು ಸಂಗತಿ ನೆನಪಿಸಿ ಬರೆದರು, ಸ್ಪ್ಯಾನಿಷಿನಲ್ಲಿ ಬರೆ ಎಂದಾಗ ಕಡಿಮೆ. ತಿಳಿಯುವುದು ಒಂದು ಕೆಲಸ, ತಿಳಿದದ್ದನ್ನು ಅದೇ ಭಾಷೆಯಲ್ಲಿ ಹೇಳುವುದು ಇನ್ನೊಂದು. ಎರಡನೆಯದಕ್ಕೆ ಬೇರೆ ಪ್ರಶ್ನೆ ಇರಲಿ, ಬೇರೆ ಅಂಕ ಇರಲಿ.

ತಿದ್ದುವವರು ಯಾರು ಎಂಬ ಆಕ್ಷೇಪಕ್ಕೆ ತೂಕವಿದೆ. ಉದಗೀರ, ಜಳಕೋಟ, ನಿಲಂಗಾದ ಕಾಲೇಜುಗಳು ನಾಂದೇಡದ ಸ್ವಾಮಿ ರಾಮಾನಂದ ತೀರ್ಥ ವಿಶ್ವವಿದ್ಯಾಲಯಕ್ಕೆ ಸೇರಿವೆ, ಪಕ್ಕದ ಉಮರ್ಗಾದವು ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ವಿಶ್ವವಿದ್ಯಾಲಯಕ್ಕೆ. ಕನ್ನಡದಲ್ಲಿ ಬರೆದ ಉತ್ತರ ಅಲ್ಲಿ ಕಂಗಾಲಾಗಿ ಕೂರುತ್ತದೆ, ನಿಜ. ಆದರೆ ಇಲ್ಲಿಯ ಕನ್ನಡ ಮನೆಯ ಮಕ್ಕಳು ಮರಾಠಿಯಲ್ಲಿ ಬರೆಯಬಲ್ಲರು, ಭಾಲ್ಕಿಯ ಮರಾಠಿ ಮನೆಯ ಎಷ್ಟೋ ಮಕ್ಕಳು ಕನ್ನಡದಲ್ಲಿ ಬರೆಯಬಲ್ಲರು. ಜೊತೆಗೆ ಆಂತರಿಕ ಅಂಕಗಳು ಹೇಗೂ ಊರಿನ ಮೇಷ್ಟರ ಕೈಯಲ್ಲೇ ಇವೆ. ಅವನ್ನು ಕೊಡುವ ಬಗೆ ಬದಲಿಸಲು ನಾಂದೇಡದ ಅಪ್ಪಣೆಗೆ ಕಾಯಬೇಕಿಲ್ಲ, ಹೆಡ್‌ಫೋನಿನ ಟೆಂಡರೂ ಬೇಕಿಲ್ಲ.

ನಿಜವಾದ ಅಡ್ಡಿ ಬೇರೆ ಇದೆ. ಹೀಗೆ ಅಳೆದರೆ ಕೇಳುವ ಅಂಕ ಮೇಲೇರಬಹುದು, ಆದರೆ ಓದಿನ ಅಂಕ ದಡಬಡನೆ ಬೀಳುತ್ತದೆ. ಈವರೆಗೆ 70 ಪಡೆಯುತ್ತಿದ್ದವನು 35ಕ್ಕೆ ತಿಣುಕುತ್ತಾನೆ. ಫಲಿತಾಂಶದ ಶೇಕಡವನ್ನು ಫ್ಲೆಕ್ಸಿನ ಮೇಲೆ ಬರೆಸಿ ಗೇಟಿಗೆ ಕಟ್ಟುವ ಕಾಲೇಜುಗಳಲ್ಲಿ ಮೊದಲು ಒಪ್ಪಿಸಬೇಕಾದವರು ಪ್ರಾಂಶುಪಾಲರು.