ಬೆಲೆಪಟ್ಟಿಯಲ್ಲಿ ಇಲ್ಲದ ಎರಡು ಕಾಲಂ

ಈ ಸಲ ವಿಮರ್ಶೆಗೆ ತಗೊಂಡಿರೋದು ಕಾದಂಬರಿ ಅಲ್ಲ, ಸಿನಿಮಾನೂ ಅಲ್ಲ. ಒಂದು ಬೆಲೆಪಟ್ಟಿ. ಇಂಗ್ಲೆಂಡಿನಲ್ಲಿ ಹೊಸ ಕ್ಯಾರವಾನ್ ಕೊಳ್ಳೋಕೆ ಹೋದರೆ ಡೀಲರ್ ಒಂದು ದಪ್ಪ ಬ್ರೋಶರ್ ಕೈಗಿಡುತ್ತಾನೆ. ಅದರ ಕೊನೆಯ ಪುಟಗಳಲ್ಲಿ 'ಆಪ್ಷನಲ್ ಎಕ್ಸ್‌ಟ್ರಾಸ್' ಅಂತ ಇರುತ್ತೆ. ಕಳೆದ ಎರಡು ವರ್ಷದಲ್ಲಿ ನಾನು ಇಷ್ಟೊಂದು ಸಲ ತಿರುತಿರುಗಿ ಓದಿದ ಬರಹ ಬೇರೆ ಇಲ್ಲ. ಮೊದಲ ಸಲ ಆಸೆಯಿಂದ ಓದಿದೆ, ಆಮೇಲೆ ಭಯದಿಂದ.

ಊರಲ್ಲಿ ಕ್ಯಾರವಾನ್ ಅಂದರೆ ಹೀರೋಗಳು ಶೂಟಿಂಗ್ ಮಧ್ಯೆ ಹೋಗಿ ಕೂರೋ ಎಸಿ ವ್ಯಾನು. ಇಲ್ಲಿಯದು ಅದಲ್ಲ. ಇದಕ್ಕೆ ಎಂಜಿನ್ ಇಲ್ಲ, ಡ್ರೈವರ್ ಸೀಟಿಲ್ಲ. ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರೋ ಒಂದು ಚಿಕ್ಕ ಮನೆಗೆ ಚಕ್ರ ಹಾಕಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗೋದು. ಸರಿಯಾಗಿ ಹೇಳಬೇಕಂದ್ರೆ ಎತ್ತಿನ ಗಾಡಿ. ಎತ್ತಿನ ಜಾಗದಲ್ಲಿ ಕಾರು. ಮೊದಲು ಇದನ್ನು ಎಳೆಯೋಕೆ 1997ರ ನಂತರ ಲೈಸೆನ್ಸ್ ತಗೊಂಡವರು ಬಹುಪಾಲು ಬೇರೆ ಟೆಸ್ಟ್ ಕೊಡಬೇಕಿತ್ತು. 2021ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದುಹಾಕಿದರು. ಹಾಗಾಗಿ ಹಿಂದೆಂದೂ ಒಂದು ಟ್ರೇಲರ್ ಮುಟ್ಟಿರದ ನನ್ನಂಥವನೂ ಶೋರೂಂಗೆ ಹೋಗಿ ಸೀದಾ ಎಳಕೊಂಡು ಬರಬಹುದು. ಬಂದೆ ಕೂಡ.

ನಾವಿರೋದು ರೆಡಿಂಗ್‌ನಲ್ಲಿ. ನಾನು, ಹೆಂಡತಿ, ಇಬ್ಬರು ಮಕ್ಕಳು, ಮತ್ತೆ ಆ ಬೇಸಿಗೆಗೆ ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿಂದ ಬರೋದಿದ್ದ ಅಪ್ಪ-ಅಮ್ಮ. ಒಟ್ಟು ಆರು ಜನ, ಆರು ಹಾಸಿಗೆಯ ಗಾಡಿ. ಏಳು ಸೀಟಿನ ಕಾರು ಮೊದಲೇ ಇತ್ತು.

ಈಗ ಪಟ್ಟಿಗೆ ಬರೋಣ. ಸಾಲು ಸಾಲಾಗಿ ಹೆಸರು, ಪಕ್ಕದಲ್ಲಿ ಬೆಲೆ. ಮೋಟಾರ್ ಮೂವರ್, ಸೋಲಾರ್ ಪ್ಯಾನೆಲ್, ಮೈಕ್ರೋವೇವ್, ಅಲಾಯ್ ವೀಲ್, ಸ್ಪೇರ್ ವೀಲ್, ಸೈಕಲ್ ಕ್ಯಾರಿಯರ್, ಹೊರಗಡೆ ಬಾರ್ಬೆಕ್ಯೂಗೆ ಗ್ಯಾಸ್ ಪಾಯಿಂಟ್, ಟ್ರ್ಯಾಕರ್, ಏರ್ ಕಂಡೀಷನರ್, ಎಟಿಸಿ. ಎಲ್ಲವೂ ಒಂದೇ ಅಕ್ಷರದಲ್ಲಿ, ಒಂದೇ ದನಿಯಲ್ಲಿ. ನನ್ನ ಮೊದಲ ಆಕ್ಷೇಪ ಇದೇ. ಬ್ರೇಕಿಗೆ ಸಂಬಂಧಪಟ್ಟ ವಸ್ತು ಮತ್ತು ದಿಂಬಿಗೆ ಹೊಂದೋ ಕರ್ಟನ್ನು ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು 'ನಿಮಗೇನು ಬೇಕೋ ತಗೊಳ್ಳಿ ಸಾರ್' ಅಂತ ನಗೋ ಬರಹ ಅದು. ನಾನು ಅಲಾಯ್ ವೀಲ್ ತಗೊಂಡೆ, ಎಟಿಸಿ ಬಿಟ್ಟೆ. ಬಜೆಟ್ ಮುಗಿದಿತ್ತು, ಮೇಲಾಗಿ ಅಲಾಯ್ ಫೋಟೋದಲ್ಲಿ ಕಾಣುತ್ತೆ. ಬಿಇ ಮಾಡಿದವನು ನಾನು, ನಾಚಿಕೆಯಿಂದಲೇ ಬರೀತಿದೀನಿ.

ಎರಡನೇ ಆಕ್ಷೇಪ ತೂಕದ್ದು. ಪ್ರತಿ ಕ್ಯಾರವಾನಿಗೂ ಬಾಗಿಲ ಹತ್ತಿರ ಒಂದು ಪ್ಲೇಟ್ ಇರುತ್ತೆ, ತುಂಬಿದಾಗ ಗರಿಷ್ಠ ಎಷ್ಟು ತೂಗಬಹುದು ಅಂತ. ನಮ್ಮದು 1,500 ಕೆಜಿ. ಖಾಲಿ ಗಾಡಿ 1,350. ಮಧ್ಯದ 150 ಕೆಜಿ ನಮ್ಮದು. ಈ 150 ಎಲ್ಲಿಂದ ಬಂತು ಅಂತ ಹುಡುಕಿದರೆ ಯುರೋಪಿನ ಒಂದು ಮಾನದಂಡ ಸಿಗುತ್ತೆ: ತಲೆಗೆ ಹತ್ತು ಕೆಜಿ, ಗಾಡಿಯ ಉದ್ದ ಮೀಟರಿಗೆ ಹತ್ತು ಕೆಜಿ, ಮೇಲೆ ಮೂವತ್ತು. ಆರು ಜನ, ಆರು ಮೀಟರ್: 60, 60, 30. ಅದು ಕೊಡಲೇಬೇಕಾದ ಕನಿಷ್ಠ. ನಮ್ಮ ಕಂಪನಿಯವರು ಕನಿಷ್ಠದಷ್ಟೇ ಕೊಟ್ಟಿದ್ದಾರೆ, ಒಂದು ಕೆಜಿ ಜಾಸ್ತಿ ಇಲ್ಲ.

ನೀವು ಪಟ್ಟಿಯಲ್ಲಿ ಟಿಕ್ ಮಾಡೋ ಪ್ರತಿಯೊಂದೂ ಈ 150ರಿಂದಲೇ ಕಳೆಯುತ್ತೆ. ದುಡ್ಡು ಒಂದು ಸಲ ಕೊಡ್ತೀರಿ, ತೂಕ ಪ್ರತಿ ಪ್ರಯಾಣದಲ್ಲೂ ಕೊಡ್ತೀರಿ. ನಮ್ಮ ಲೆಕ್ಕ ಹೀಗಿತ್ತು: ಮೂವರ್ 32, ಸ್ಪೇರ್ ವೀಲ್ ಮತ್ತು ಅದನ್ನು ಹಿಡಿಯೋ ಚೌಕಟ್ಟು 24, ಬ್ಯಾಟರಿ 23, ಮೈಕ್ರೋವೇವ್ 12, ಸೈಕಲ್ ಕ್ಯಾರಿಯರ್ 9, ಸೋಲಾರ್ 8. ಒಟ್ಟು 108. ಉಳಿದದ್ದು 42. ಆರು ಜನಕ್ಕೆ ಹಂಚಿದರೆ ತಲೆಗೆ ಏಳು ಕೆಜಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನ ಹತ್ತೋವಾಗ ಕೈಯಲ್ಲಿ ಹಿಡಕೊಳ್ಳೋಕೆ ಬಿಡ್ತಾರಲ್ಲ, ಅಷ್ಟು. ಅದರಲ್ಲೇ ಬಟ್ಟೆ, ಹೊದಿಕೆ, ಪಾತ್ರೆ, ಅಕ್ಕಿ, ಮಕ್ಕಳ ಆಟದ ಸಾಮಾನು, ಅಮ್ಮನ ಕುಕ್ಕರ್ರು. (ಬ್ಯಾಟರಿಯನ್ನು ಕೆಲವರು ಖಾಲಿ ತೂಕದಲ್ಲೇ ಸೇರಿಸಿರ್ತಾರೆ, ಕೆಲವರು ಇಲ್ಲ. ಸಣ್ಣಕ್ಷರದಲ್ಲಿ ಬರೆದಿರುತ್ತೆ, ಹುಡುಕಿ ಓದಿ.)

ಅದೇ ಸಣ್ಣಕ್ಷರದಲ್ಲಿ ಇನ್ನೊಂದು ಮಾತಿದೆ. ಕಾರ್ಖಾನೆಯಿಂದ ಬರೋ ಗಾಡಿಯ ತೂಕ ಬರೆದಿದ್ದಕ್ಕಿಂತ ಶೇಕಡಾ 5 ಆಚೀಚೆ ಇರಬಹುದು. 1,350ರ ಶೇಕಡಾ 5 ಅಂದರೆ 67 ಕೆಜಿ. ನಿಮ್ಮ ಪಾಲಿನ 150ರಲ್ಲಿ ಹತ್ತಿರ ಹತ್ತಿರ ಅರ್ಧ, ಒಂದು ಅಡಿಟಿಪ್ಪಣಿಯಲ್ಲಿ ಕರಗಿಹೋಗಬಹುದು. ನಮ್ಮ ಆಫೀಸಿನಲ್ಲಿ ಯಾರಾದರೂ 'ಮೆಮೊರಿ ಇಷ್ಟಿದೆ, ಅರ್ಧ ಇಲ್ಲದೇನೂ ಇರಬಹುದು' ಅಂತ ಡಾಕ್ಯುಮೆಂಟ್ ಬರೆದರೆ ಮೀಟಿಂಗಿಂದ ಎಬ್ಬಿಸಿ ಕಳಿಸ್ತೀವಿ.

ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಮೊದಲು ಡೆವನ್‌ಗೆ ಹೊರಟೆವು.

ಬ್ರಿಸ್ಟಲ್ ದಾಟಿದ ಮೇಲೆ ಎಂ5ರಲ್ಲಿ ಒಂದು ಇಳಿಜಾರು ಬರುತ್ತೆ. ಕ್ಯಾರವಾನ್ ಎಳೆಯೋರಿಗೆ ಮೋಟಾರ್‌ವೇಯಲ್ಲಿ ಗಂಟೆಗೆ 60 ಮೈಲಿ ಮಿತಿ. ಇಲ್ಲಿ ಲಾರಿಗಳನ್ನು 56ಕ್ಕೆ ಕಟ್ಟಿಹಾಕಿರ್ತಾರೆ. ಆ ನಾಲ್ಕು ಮೈಲಿ ವ್ಯತ್ಯಾಸದಲ್ಲಿ ಒಂದು ಉದ್ದನೆ ಲಾರಿಯನ್ನು ಹಿಂದಿಕ್ಕೋದು ಅಂದರೆ ಎಷ್ಟು ಹೊತ್ತು ಅದರ ಪಕ್ಕದಲ್ಲೇ ಇರಬೇಕು ಯೋಚಿಸಿ. ಲಾರಿಯ ಮೂತಿ ದಾಟುತ್ತಿದ್ದ ಹಾಗೆ ಗಾಳಿ ತಳ್ಳಿತು. ಹಿಂದಿನಿಂದ ಯಾರೋ ಕಾರಿನ ಬಾಲ ಹಿಡಿದು ಅಲ್ಲಾಡಿಸಿದ ಹಾಗಾಯ್ತು. ಒಂದು ಸಲ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ, ಮೂರನೇದು ಇನ್ನೂ ಜೋರು. ಕನ್ನಡಿಯಲ್ಲಿ ಗಾಡಿಯ ಒಂದು ಪಕ್ಕ ಪೂರ್ತಿ ಕಂಡು ಮಾಯವಾಗುತ್ತಿತ್ತು. ಹೆಂಡತಿ ಮಾತಾಡಲಿಲ್ಲ, ಸುಮ್ಮನೆ ಹಿಂದಿನ ಸೀಟಿಗೆ ಕೈ ಚಾಚಿ ಮಗಳ ಕಾಲು ಹಿಡಕೊಂಡಳು. ಎಲ್ಲೋ ಓದಿದ್ದು ನೆನಪಿತ್ತು: ಬ್ರೇಕ್ ಒತ್ತಬೇಡ, ಸ್ಟೀರಿಂಗ್ ತಿರುಗಿಸಿ ಸರಿಮಾಡೋಕೆ ಹೋಗಬೇಡ, ಆಕ್ಸಿಲರೇಟರ್‌ನಿಂದ ಕಾಲು ತೆಗಿ. ತೆಗೆದೆ. ಐವತ್ತಕ್ಕೆ ಇಳಿಯೋ ಹೊತ್ತಿಗೆ ಗಾಡಿ ಹಿಡಿತಕ್ಕೆ ಬಂತು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಸೆಜ್‌ಮೂರ್ ಸರ್ವಿಸಸ್‌ನಲ್ಲಿ ನಿಲ್ಲಿಸಿದೆ. ಅಪ್ಪ ಇಳಿದು ಏನೂ ಮಾತಾಡದೆ ಗಾಡಿಗೆ ಒಂದು ಸುತ್ತು ಬಂದರು. ಹಿಂದುಗಡೆ ಮೂರು ಸೈಕಲ್ ನೇತಾಡುತ್ತಿದ್ದವು. ಬಾಗಿಲು ತೆಗೆಸಿ ಒಳಗೆ ನೋಡಿದರು. ಅಕ್ಕಿ ಚೀಲ, ಪಾತ್ರೆ ಬುಟ್ಟಿ, ಹೊದಿಕೆ ಎಲ್ಲ ಮಕ್ಕಳ ಬಂಕ್ ಹಾಸಿಗೆ ಕೆಳಗೆ, ಅಂದರೆ ಕಟ್ಟಕಡೆ ಮೂಲೆಯಲ್ಲಿ.

"ಹಿಂಬಾರ ಆಗದೆ ಕಣ್ಲಾ. ಎತ್ತು ಕಟ್ಟಿದ್ರೆ ನೊಗ ಮ್ಯಾಕೆ ಎದ್ಬುಟ್ಟು ಕೊಳ್ಳಿಗೆ ಬಿಗ್ಕೊಳೋದು."

ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊಬ್ಬರ ತುಂಬೋವಾಗ ಹಿಂದಕ್ಕೆ ಜಾಸ್ತಿ ಬಿದ್ದರೆ ಮೂಕಿ ಮೇಲೇಳುತ್ತೆ. ಮುಂದಕ್ಕೆ ಜಾಸ್ತಿ ಬಿದ್ದರೆ ಎತ್ತಿನ ಹೆಗಲು ಕಿತ್ತುಹೋಗುತ್ತೆ. ಚೂರು ಮುಂಭಾರ ಇರಬೇಕು, ಚೂರೇ. ಇಂಗ್ಲಿಷಿನವರು ಇದಕ್ಕೆ ಮೂಗಿನ ತೂಕ ಅಂತಾರೆ, ತುಂಬಿದ ಗಾಡಿಯ ಶೇಕಡಾ 5ರಿಂದ 7 ಇರಲಿ ಅಂತ ಸಲಹೆ. ನಾನು ಎಂಜಿನಿಯರಿಂಗ್‌ನಲ್ಲಿ ಮೊಮೆಂಟ್ ಲೆಕ್ಕಗಳನ್ನು ಪುಟಗಟ್ಟಲೆ ಬಿಡಿಸಿ ಬಂದವನು. ಅಪ್ಪ ಏಳನೇ ಕ್ಲಾಸು. ಅಲ್ಲೇ ಸೈಕಲ್ಲುಗಳನ್ನು ಬಿಚ್ಚಿ ಒಳಗೆ ಚಕ್ರದ ಮೇಲ್ಗಡೆ ನೆಲದ ಮೇಲೆ ಮಲಗಿಸಿ ಹಗ್ಗ ಬಿಗಿದೆವು, ಅಕ್ಕಿ ಚೀಲ ಮುಂದಕ್ಕೆ ತಂದೆವು. ಡೆವನ್‌ವರೆಗೂ ಐವತ್ತರಲ್ಲೇ ಹೋದೆ.

ವಾಪಸ್ ಬಂದ ಮೇಲೆ ಮೊದಲು ಹೇಗೆ ತುಂಬಿದ್ದೆವೋ ಹಾಗೇ ತುಂಬಿ ವೇಬ್ರಿಡ್ಜ್‌ಗೆ ಒಯ್ದು, ಕಾರಿನಿಂದ ಬಿಡಿಸಿ ತೂಗಿಸಿದೆ. 1,582. ಪ್ಲೇಟಿಗಿಂತ 82 ಜಾಸ್ತಿ. ಅದು ಕಾನೂನಿಗೂ ತಪ್ಪು, ಏನಾದರೂ ಆಗಿದ್ದರೆ ವಿಮೆಯವರು ಪ್ರಶ್ನೆ ಕೇಳೋಕೂ ದಾರಿ. ಮನೆಗೆ ಬಂದು ಬಾತ್‌ರೂಮ್ ತಕ್ಕಡಿಯ ಮೇಲೆ ಒಂದು ಮರದ ತುಂಡು ನಿಲ್ಲಿಸಿ ಮೂಗು ತೂಗಿದೆ: 41 ಕೆಜಿ. ಕನಿಷ್ಠ 79 ಇರಬೇಕಿತ್ತು.

ಮೂರನೇ ಆಕ್ಷೇಪ ಇಲ್ಲಿದೆ, ನನ್ನ ಪ್ರಕಾರ ದೊಡ್ಡದು. ಒಂದು ವಸ್ತು ಎಷ್ಟು ತೂಗುತ್ತೆ ಅನ್ನೋದಕ್ಕಿಂತ ಎಲ್ಲಿ ಕೂರುತ್ತೆ ಅನ್ನೋದು ಮುಖ್ಯ. ನಮ್ಮ ಕ್ಯಾರಿಯರ್ ಮತ್ತು ಸೈಕಲ್ ಸೇರಿ 42 ಕೆಜಿ, ಅಚ್ಚಿನಿಂದ 3.3 ಮೀಟರ್ ಹಿಂದೆ. ಕೊಂಡಿಯಿಂದ ಅಚ್ಚಿಗೆ 4.5 ಮೀಟರ್. ಗುಣಿಸಿ ಭಾಗಿಸಿ ನೋಡಿ, ಮೂಗಿನಿಂದ 31 ಕೆಜಿ ಎತ್ತಿಹಾಕಿತು. ಅಷ್ಟೇ ಅಲ್ಲ, ಒಮ್ಮೆ ಬಾಲ ಅಲ್ಲಾಡೋಕೆ ಶುರುವಾದರೆ ತುದಿಯ ತೂಕ ನಿಲ್ಲೋಕೆ ಬಿಡಲ್ಲ. ಅದರ ಪ್ರಭಾವ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತೆ. ಅದೇ 32 ಕೆಜಿಯ ಮೂವರ್ ಅಚ್ಚಿನ ಪಕ್ಕದಲ್ಲೇ ಕೂರೋದರಿಂದ ಈ ವಿಷಯದಲ್ಲಿ ಹೆಚ್ಚುಕಮ್ಮಿ ನಿರಪರಾಧಿ. ಏರ್ ಕಂಡೀಷನರ್ ಚಾವಣಿಯ ಮೇಲೆ ಕೂರುತ್ತೆ. ಮೈಕ್ರೋವೇವ್ ಮೇಲಿನ ಕಪಾಟಿನಲ್ಲಿ. ಪಟ್ಟಿಯಲ್ಲಿ ಇದು ಯಾವುದಾದರೂ ಇದೆಯಾ? ಹೆಸರು, ಬೆಲೆ. ತೂಕದ ಕಾಲಂ ಇಲ್ಲ, ಅಚ್ಚಿನಿಂದ ಎಷ್ಟು ದೂರ ಅನ್ನೋ ಕಾಲಂ ಇಲ್ಲ. ಈ ಎರಡು ಕಾಲಂ ಹಾಕಿದ್ದಿದ್ದರೆ ನಾನು ಸೈಕಲ್ ಕ್ಯಾರಿಯರ್ ಸಾಲಿನ ಹತ್ತಿರವೂ ಪೆನ್ ಒಯ್ಯುತ್ತಿರಲಿಲ್ಲ.

ಎಟಿಸಿ ಬಗ್ಗೆ ಎರಡು ಮಾತು. ಅದು ಅಲ್-ಕೋ ಕಂಪನಿಯ ಸಾಧನ. ಗಾಡಿ ಅಡ್ಡಡ್ಡ ಓಲಾಡೋದನ್ನು ಸೆನ್ಸರ್ ಗ್ರಹಿಸಿದರೆ ಕ್ಯಾರವಾನಿನ ಬ್ರೇಕನ್ನು ತಾನೇ ಎಳೆಯುತ್ತೆ. ಕೊಂಡಿಯಲ್ಲಿ ಇರೋ ಸ್ಟೆಬಿಲೈಸರ್ ಬೇರೆ. ಅದು ಟೋ ಬಾಲನ್ನು ಪ್ಯಾಡ್‌ನಿಂದ ಗಟ್ಟಿಯಾಗಿ ಹಿಡಿದು ಘರ್ಷಣೆಯಿಂದ ಓಲಾಟ ತಗ್ಗಿಸುತ್ತೆ. ಹೊಸ ಟೋ ಬಾಲ್ ಮೇಲಿನ ಪೇಂಟ್ ಉಜ್ಜಿ ತೆಗೆದು, ಗ್ರೀಸ್ ಹಚ್ಚದೆ ಇದ್ದರೆ ಮಾತ್ರ ಅದು ಕೆಲಸ ಮಾಡೋದು. ನಮ್ಮದರಲ್ಲಿ ಪೇಂಟ್ ಹಾಗೇ ಇತ್ತು, ಡೀಲರ್ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಎಟಿಸಿ ಇದ್ದಿದ್ದರೆ ಆವತ್ತಿನ ಓಲಾಟ ಬೇಗ ನಿಲ್ಲುತ್ತಿತ್ತು ಅನ್ನಿಸುತ್ತೆ. ಆದರೆ ಹಿಂಭಾರದ ಗಾಡಿಯನ್ನು ಅದು ಮುಂಭಾರ ಮಾಡಲ್ಲ.

ಪಟ್ಟಿಯಲ್ಲಿ ಒಳ್ಳೇದೇ ಇಲ್ಲ ಅಂತಲ್ಲ. ನಮ್ಮ ಮನೆ ಮುಂದಿನ ಜಾಗ ಇಕ್ಕಟ್ಟು, ಇಳಿಜಾರು ಬೇರೆ. ಮೂವರ್ ಇಲ್ಲದೆ ಗಾಡಿ ಒಳಗೆ ತಿರುಗಿಸೋಕೆ ನಾಲ್ಕು ಜನ ಬೇಕು. ಸ್ಪೇರ್ ವೀಲ್ ಕೂಡ ಬಿಡಬೇಡಿ, ಬರೀ ಪಂಕ್ಚರ್ ಅಂಟಿನ ಡಬ್ಬಿ ಕೊಟ್ಟು ಕೈ ತೊಳಕೊಳ್ಳೋರಿದ್ದಾರೆ. ಸೋಲಾರ್ ವಿಚಿತ್ರ ಕೇಸು. ನಾವು ಹೋಗೋದು ಕರೆಂಟ್ ಇರೋ ಸೈಟಿಗೇ, ಅಲ್ಲಿ ಅದರಿಂದ ಏನೂ ಉಪಯೋಗ ಇಲ್ಲ. ಆದರೆ ಗಾಡಿ ತಿಂಗಳುಗಟ್ಟಲೆ ನಿಂತಾಗ ಟ್ರ್ಯಾಕರ್‌ಗೆ ಬ್ಯಾಟರಿ ಜೀವಂತ ಇಡೋದು ಅದೇ. ಗ್ಯಾಸ್ ವಿಷಯದಲ್ಲಿ ನನ್ನ ಹೆಂಡತಿ ಹೇಳಿದ್ದೇ ಸರಿ: ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗೋದನ್ನೇ ನಿಲ್ಲಿಸುತ್ತೆ, ಪ್ರೊಪೇನ್ ಮೈನಸ್ 42ರವರೆಗೂ ಬರುತ್ತೆ. ಹಾಗಾಗಿ ಒಂದೇ ಪ್ರೊಪೇನ್ ಸಿಲಿಂಡರ್, ಎರಡನೇದು ಬೇಡ. ಮೈಕ್ರೋವೇವ್? ಡೆವನ್‌ನಲ್ಲಿ ಅಷ್ಟೂ ದಿನ ಅಮ್ಮ ಅದರೊಳಗೆ ಬ್ರೆಡ್ಡು, ಚಟ್ನಿಪುಡಿ ಡಬ್ಬಿ ಇಟ್ಟಿದ್ದರು. ಇರುವೆ ಬರಲ್ಲವಂತೆ.

ಇನ್ನು ಪಟ್ಟಿಯ ಕೊನೆ ಸಾಲು. ಫೋಟೋ ಇಲ್ಲ, ವಿವರಣೆ ಇಲ್ಲ: 'ವೆಯ್ಟ್ ಪ್ಲೇಟ್ ಅಪ್‌ಗ್ರೇಡ್'. ನಮ್ಮ ಗಾಡಿಯ ಅಚ್ಚು ಮತ್ತು ಚಾಸಿ 1,600 ತಡೆಯೋವಂಥವು. ಒಂದು ಫೀಸು ಕಟ್ಟಿದರೆ ಕಂಪನಿಯವರೇ ಹೊಸ ಪ್ಲೇಟ್ ಕೊಡ್ತಾರೆ. ಒಂದು ಗ್ರಾಂ ತೂಕವಿಲ್ಲದೆ ನೂರು ಕೆಜಿ ಕೊಡೋ ಎಕ್ಸ್‌ಟ್ರಾ. ಶೋರೂಂನಲ್ಲಿ ಕಳೆದ ಮೂರು ಗಂಟೆಯಲ್ಲಿ ಈ ಸಾಲಿನ ಬಗ್ಗೆ ಒಂದು ಮಾತು ಬರಲಿಲ್ಲ. ನಿಮ್ಮ ಕಾರಿನ ತೂಕದ ಶೇಕಡಾ 85 ದಾಟಬೇಡಿ ಅಂತ ಇಲ್ಲಿ ಹೊಸಬರಿಗೆ ಸಲಹೆ ಕೊಡ್ತಾರೆ, ಅದನ್ನು ಮೊದಲು ನೋಡಿಕೊಳ್ಳಿ. ನಮ್ಮ ಕಾರು 1,900, ಹಾಗಾಗಿ 1,615ರವರೆಗೆ ನಡೆಯುತ್ತೆ. ಎಟಿಸಿ ಹಾಕಿಸೋದಿದ್ದರೆ ಪ್ಲೇಟ್ ಆದ ಮೇಲೆ ಹಾಕಿಸಿ. ತೂಕದ ಶ್ರೇಣಿಗೆ ತಕ್ಕಂತೆ ಬೇರೆ ಬೇರೆ ಬರುತ್ತೆ.

ಈಗ ಪ್ಲೇಟ್ 1,600 ಆಗಿದೆ, ಎಟಿಸಿ ಹಾಕಿಸಿದೆ, ಅಲಾಯ್‌ಗಿಂತ ಜಾಸ್ತಿಯೇನೂ ಆಗಲಿಲ್ಲ. ಕ್ಯಾರಿಯರ್ ಬಿಚ್ಚಿ ಮಾರಿದೆ. ಸೈಕಲ್ ಹೋದ ಕಡೆ ಬಾಡಿಗೆಗೆ ಸಿಗುತ್ತೆ. ಮೈಕ್ರೋವೇವ್ ತೆಗೆದ ಜಾಗದಲ್ಲಿ ಒಂದು ಖಾಲಿ ಗೂಡು ಉಳಿದಿದೆ, ಅಮ್ಮನ ಡಬ್ಬಿಗಳು ಅಲ್ಲೇ. ಆರೂ ಜನಕ್ಕೆ ಬೇಕಾದ್ದನ್ನು ತುಂಬಿ ತೂಗಿದರೆ 1,528.

ಅಪ್ಪ ಊರಿಗೆ ವಾಪಸ್ ಹೋಗಿದ್ದಾರೆ. ಪ್ರತಿ ಸಲ ಹೊರಡೋ ಮುಂಚೆ ಫೋನ್ ಬರುತ್ತೆ.

"ಮೂಗೆಷ್ಟು ಬಂತ್ಲಾ?"

"ಎಂಬತ್ನಾಲ್ಕು ಅಪ್ಪ."

"ಸರಿ, ಹೊಂಟ್ಕಳಿ."